ಹಳೇ ಹ್ಯಾಂಡಿಕ್ಯಾಮ್ ಗುಜರಿಗೆ ಹಾಕುವ ಮುಂಚೆ

ಪ್ರಶ್ನೆ: ನಮ್ಮ ಭಾವ 2004ರಲ್ಲಿ ಕ್ಯಾಲಿಫೋರ್ನಿಯಾದಿಂದ ಬರುವಾಗ ಒಂದು ಸೋನಿ ಹ್ಯಾಂಡಿಕ್ಯಾಮ್ ತಂದುಕೊಟ್ಟಿದ್ದರು. ಮಗಳ ನಾಮಕರಣ, ಅಜ್ಜಿ ತೋಟದಲ್ಲಿ ಓಡಾಡಿದ್ದು, ಊರ ತೇರು, ಎಲ್ಲಾ ಸೇರಿ 23 ಸಣ್ಣ ಕ್ಯಾಸೆಟ್ ಇವೆ. ಮಿನಿ ಡಿವಿ ಅಂತ ಬರೆದಿದೆ. ಕ್ಯಾಮೆರಾ ಹತ್ತು ವರ್ಷದಿಂದ ಬೀರುವಿನಲ್ಲೇ ಇದೆ, ಬ್ಯಾಟರಿ ಸತ್ತಿದೆ. ಅದನ್ನು ಗುಜರಿಗೆ ಕೊಟ್ಟು, ಕ್ಯಾಸೆಟ್‌ಗಳನ್ನು ಮಾತ್ರ ಅಂಗಡಿಯಲ್ಲಿ ಡಿವಿಡಿ ಮಾಡಿಸಿದರೆ ಸಾಕಾ? (ಸಾಗರದಿಂದ)

ಉತ್ತರ: ಬೇಡ, ದಯವಿಟ್ಟು ಕೊಡಬೇಡಿ. ಆ 23 ಕ್ಯಾಸೆಟ್ ಓಡಿಸಲು ನಿಮ್ಮ ಮನೆಯಲ್ಲಿ ಇರುವ ಒಂದೇ ಪ್ಲೇಯರ್ ಅದು. ಅಮೆರಿಕದಿಂದ ಬಂದದ್ದು ಅಂದರೆ ಎನ್‌ಟಿಎಸ್‌ಸಿ ಅನ್ನುವ ವಿಡಿಯೊ ಪದ್ಧತಿಯದ್ದು, ನಮ್ಮಲ್ಲಿ ಮಾರುತ್ತಿದ್ದವು ಪಾಲ್ ಪದ್ಧತಿಯವು. ಕ್ಯಾಸೆಟ್ ನೋಡೋಕೆ ಒಂದೇ ಥರ, ಒಳಗೆ ರೆಕಾರ್ಡ್ ಆಗಿರುವ ರೀತಿ ಬೇರೆ. ಇಲ್ಲಿನ ಅಂಗಡಿಯವರ ಪಾಲ್ ಕ್ಯಾಮೆರಾಕ್ಕೆ ನಿಮ್ಮ ಕ್ಯಾಸೆಟ್ ಹಾಕಿದರೆ ಸರಿಯಾಗಿ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಜೊತೆಗೆ 60 ನಿಮಿಷದ ಟೇಪಿನಲ್ಲಿ 90 ನಿಮಿಷ ತುಂಬಿಸಲು ಭಾವ ಎಲ್‌ಪಿ ಮೋಡ್ ಹಾಕಿದ್ದರೆ ಮುಗಿಯಿತು. ಎಲ್‌ಪಿಯಲ್ಲಿ ತೆಗೆದದ್ದು ಎಷ್ಟೋ ಸಲ ತೆಗೆದ ಕ್ಯಾಮೆರಾದಲ್ಲಿ ಬಿಟ್ಟು ಬೇರೆ ಕಡೆ ನೆಟ್ಟಗೆ ಓಡುವುದಿಲ್ಲ.

ಬ್ಯಾಟರಿ ಸತ್ತಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಜೊತೆಗೆ ಬಂದ ಅಡಾಪ್ಟರ್ ಹುಡುಕಿ. ಸೋನಿಯ ಈ ಅಡಾಪ್ಟರ್‌ಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ. ಹಿಂದೆ ಬರೆದಿರುತ್ತದೆ, ಒಮ್ಮೆ ಓದಿ. ಚಪ್ಪಟೆ ಪಿನ್‌ಗೆ ಒಂದು ಸಾಕೆಟ್ ಕನ್ವರ್ಟರ್ ಸಿಕ್ಕಿಸಿದರೆ ಆಯಿತು.

ಆನ್ ಆದ ತಕ್ಷಣ ನಾಮಕರಣದ ಕ್ಯಾಸೆಟ್ ಹಾಕಬೇಡಿ! ಇದು ಮುಖ್ಯ. ಹೋದರೂ ಪರವಾಗಿಲ್ಲ ಅನ್ನುವಂಥ ಒಂದು ಕ್ಯಾಸೆಟ್ ಆರಿಸಿ, ಅದನ್ನು ಮೊದಲು ಹಾಕಿ. ವರ್ಷಗಟ್ಟಲೆ ಸುಮ್ನೆ ಕೂತ ಯಂತ್ರದ ರಬ್ಬರ್ ಗಟ್ಟಿಯಾಗಿರಬಹುದು, ಟೇಪು ಸುತ್ತಿಕೊಂಡು ಅಗಿದು ಬಿಡಬಹುದು. ಕಾಲು ಇಂಚು ಅಗಲದ ಟೇಪು ಅದು, ಒಮ್ಮೆ ಸುಕ್ಕಾದರೆ ಆ ಜಾಗ ಹೋದ ಹಾಗೆಯೇ. ಪರೀಕ್ಷೆಯ ಕ್ಯಾಸೆಟ್ ಚೆನ್ನಾಗಿ ಓಡಿದರೆ ಉಳಿದವಕ್ಕೆ ಕೈ ಹಾಕಿ. ಪ್ರತಿಯೊಂದನ್ನೂ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ.

ಸಾಗರದ ಮಳೆಗಾಲ ನನಗೆ ಗೊತ್ತು. ಪರದೆ ಮೇಲೆ ಸಿ:21 ಅಂತ ಬಂದರೆ ಒಳಗೆ ತೇವ ಕೂತಿದೆ ಅಂತ ಅರ್ಥ. ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು, ಒಣ ಜಾಗದಲ್ಲಿ ಒಂದೆರಡು ಗಂಟೆ ಬಿಡಿ. ಹೇರ್ ಡ್ರೈಯರ್ ಹಿಡಿಯಬೇಡಿ. ಸಿ:22 ಬಂದರೆ, ಅಥವಾ ಚಿತ್ರ ಚೌಕ ಚೌಕವಾಗಿ ಒಡೆದರೆ, ಟೇಪನ್ನು ಓದುವ ಹೆಡ್ ಕೊಳೆಯಾಗಿದೆ. ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಓಡಿಸಿ ನಿಲ್ಲಿಸಿ. ಹೆಡ್ಡನ್ನು ಉಜ್ಜುವ ವಸ್ತು ಅದು, ಹೊಳೆಯಲಿ ಅಂತ ಐದು ನಿಮಿಷ ಓಡಿಸಿದರೆ ಹೆಡ್ಡೇ ಸವೆಯುತ್ತದೆ. ಸಿ:31, ಸಿ:32 ಅಂದರೆ ಒಳಗಿನ ಯಂತ್ರ ಎಲ್ಲೋ ಸಿಕ್ಕಿಕೊಂಡಿದೆ. ಕರೆಂಟು ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಆಗಲಿಲ್ಲವಾ, ರಿಪೇರಿಯವರ ಕೈಗೆ ಕೊಡಿ. ಅಂಗೈಯಲ್ಲಿ ತಟ್ಟಿ ಸರಿ ಮಾಡುವುದು ಹಳೇ ಟೀವಿಗೆ ಸರಿ, ಇದಕ್ಕಲ್ಲ.

ಈಗ ಕಂಪ್ಯೂಟರಿಗೆ ಇಳಿಸುವುದು. ಡಿವಿ ಕ್ಯಾಸೆಟ್‌ನಲ್ಲಿ ಇರುವುದು ಆಗಲೇ ಡಿಜಿಟಲ್, ಒಂದು ಗಂಟೆಗೆ ಸುಮಾರು 13 ಜಿಬಿ. ಅದನ್ನು ಒಂದು ಚೂರೂ ಕೆಡದ ಹಾಗೆ ಹೊರಗೆ ತರುವ ದಾರಿ ಫೈರ್‌ವೈರ್ ಅನ್ನುವ ಕೇಬಲ್ ಜೋಡಣೆ. ಕ್ಯಾಮೆರಾದಲ್ಲಿ ಐ.ಲಿಂಕ್ ಅಥವಾ ಡಿವಿ ಅಂತ ಬರೆದ ಪುಟ್ಟ ನಾಲ್ಕು ಪಿನ್ನಿನ ತೂತು ಇರುತ್ತದೆ ನೋಡಿ, ಅದೇ. ಪಕ್ಕದಲ್ಲಿ ಯುಎಸ್‌ಬಿ ಇದ್ದರೆ ಅದಕ್ಕೆ ಹಿಗ್ಗಬೇಡಿ. ಆ ಕಾಲದ ಹೆಚ್ಚಿನ ಟೇಪ್ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಇದ್ದದ್ದು ಫೋಟೊ ಇಳಿಸಲು, ಇಲ್ಲವೇ ಮಸುಕು ವಿಡಿಯೊಗೆ. ಆನ್‌ಲೈನ್‌ನಲ್ಲಿ ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಅಗ್ಗದ ಕೇಬಲ್ ಸಿಗುತ್ತದೆ, ಕೊಳ್ಳಬೇಡಿ, ಎರಡರ ಭಾಷೆಯೇ ಬೇರೆ, ಬರೀ ತಂತಿ ಜೋಡಿಸಿದರೆ ಮಾತಾಡುವುದಿಲ್ಲ. ಡೆಸ್ಕ್‌ಟಾಪ್ ಇದ್ದರೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸಿ. ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿ ನೋಡಿ. ವಿಂಡೋಸ್‌ನಲ್ಲಿ ವಿನ್‌ಡಿವಿ, ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್, ಟೇಪು ಇಳಿಸುವ ಈ ಎರಡೂ ಸಾಫ್ಟ್‌ವೇರ್ ಉಚಿತ. ಹಳೇ ಮ್ಯಾಕ್ ಯಾರದ್ದಾದರೂ ಮನೆಯಲ್ಲಿ ಇದ್ದರೆ ಇನ್ನೂ ಸುಲಭ, ಆದರೆ ಅಪ್‌ಡೇಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋದಲ್ಲಿ ಫೈರ್‌ವೈರ್ ಅನ್ನೇ ಕೈಬಿಟ್ಟಿದ್ದಾರೆ. ಕೇಬಲ್ ಸಿಕ್ಕಿಸುವಾಗ ಎರಡೂ ಕಡೆ ಆಫ್ ಇರಲಿ.

ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು, ಬೇಗ ಮಾಡುವ ಉಪಾಯ ಇಲ್ಲ. 23 ಕ್ಯಾಸೆಟ್ ಅಂದರೆ ಹೆಚ್ಚುಕಮ್ಮಿ 300 ಜಿಬಿ. ಎರಡು ಹಾರ್ಡ್ ಡಿಸ್ಕ್ ತನ್ನಿ, ಎರಡರಲ್ಲೂ ಒಂದೊಂದು ಪ್ರತಿ, ಒಂದು ಬೇರೆ ಮನೆಯಲ್ಲಿ. ವಾಟ್ಸಾಪ್‌ಗೆ ಕಳಿಸಲು ಎಂಪಿ4 ಮಾಡಿಕೊಳ್ಳಿ, ಆದರೆ ಮೂಲ ಫೈಲ್ ಅಳಿಸಬೇಡಿ.

ಅಂಗಡಿಯ ಡಿವಿಡಿ ಯಾಕೆ ಬೇಡ ಅಂದರೆ, ನನಗೇ ಆಗಿದೆ. ಒಂದು ಅಂಗಡಿಗೆ ಆರು ಕ್ಯಾಸೆಟ್ ಕೊಟ್ಟಿದ್ದೆ. ಅವರು ಹಳದಿ-ಕೆಂಪು-ಬಿಳಿ ಎವಿ ತಂತಿಯಲ್ಲಿ ಎಳೆದು, ಮೂರು ಮೂರು ಗಂಟೆಯನ್ನು ಒಂದೊಂದು ಡಿವಿಡಿಗೆ ತುರುಕಿ ಕೊಟ್ಟರು. ಅಮ್ಮನ ಸೀರೆಯ ಅಂಚು ಕಲಸಿಹೋಗಿತ್ತು. ಆಮೇಲೆ ಅದೇ ಕ್ಯಾಸೆಟ್ಟನ್ನು ಫೈರ್‌ವೈರ್‌ನಲ್ಲಿ ಇಳಿಸಿದಾಗ ಅಂಚಿನ ಗೋಪುರಗಳನ್ನು ಎಣಿಸಬಹುದಿತ್ತು. ಇನ್ನೊಂದು ಲಾಭ ಇದೆ. ಡಿವಿ ಟೇಪಿನಲ್ಲಿ ತೆಗೆದ ದಿನ, ಗಂಟೆ, ಸೆಕೆಂಡ್ ಕೂಡ ಕಾಣದ ಹಾಗೆ ಬರೆದಿರುತ್ತದೆ. ಫೈರ್‌ವೈರ್‌ನಲ್ಲಿ ಅದೂ ಜೊತೆಗೇ ಬರುತ್ತದೆ, ಎವಿ ತಂತಿಯಲ್ಲಿ ಬರುವುದಿಲ್ಲ. ಕ್ಯಾಮೆರಾದಲ್ಲೇ ಡೇಟಾ ಕೋಡ್ ಅನ್ನುವ ಬಟನ್ ಒತ್ತಿದರೆ ಕಾಣುತ್ತದೆ. ಮಗಳ ನಾಮಕರಣ ಹಿಂದಿನ ದಿನ ರಾತ್ರಿ 10 ಗಂಟೆಗೆ ಆಯಿತು ಅಂತ ತೋರಿಸಿದರೆ ಗಾಬರಿಯಾಗಬೇಡಿ, ಭಾವ ಗಡಿಯಾರ ಬದಲಿಸುವುದು ಮರೆತಿದ್ದಾರೆ, ನಮ್ಮ ಬೆಳಗಿನ 10:30 ಅಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಹಿಂದಿನ ರಾತ್ರಿ 10. ಮನೆಯೊಳಗೆ ತೆಗೆದ ಕಡೆ ಟ್ಯೂಬ್‌ಲೈಟ್ ಮಿನುಗುತ್ತಿದ್ದರೂ ಅದು ಟೇಪಿನ ದೋಷ ಅಲ್ಲ. ಅಲ್ಲಿನ ಕ್ಯಾಮೆರಾ ಸೆಕೆಂಡಿಗೆ ಸುಮಾರು 30 ಫ್ರೇಮ್ ತೆಗೆಯುತ್ತದೆ, ನಮ್ಮ ಕರೆಂಟು 50 ಹರ್ಟ್ಸ್, ತಾಳ ಕೂಡುವುದಿಲ್ಲ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ರೀಲ್ಸ್‌ಗೆ ಆ ಹಳೇ ಕಾಲದ ವಿಡಿಯೊ ಲುಕ್ ಬೇಕು. ಸೆಕೆಂಡ್ ಹ್ಯಾಂಡ್ ಹ್ಯಾಂಡಿಕ್ಯಾಮ್ ಕೊಳ್ಳುವಾಗ ಏನು ನೋಡಬೇಕು? ಒಂದರ ಮೇಲೆ 2000 ಎಕ್ಸ್ ಜೂಮ್ ಅಂತ ಇದೆ! (ಮೈಸೂರಿನಿಂದ)

ಉತ್ತರ: ಆ 2000ವನ್ನು ಮರೆತುಬಿಡಿ. ಅದು ಡಿಜಿಟಲ್ ಜೂಮ್, ಅಂದರೆ ಚಿತ್ರದ ನಡುವಿನ ಚೂರನ್ನು ಹಿಗ್ಗಿಸುವುದು. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಆಪ್ಟಿಕಲ್ ಅಂತ ಇರುತ್ತದಲ್ಲ, ಆ ಸಂಖ್ಯೆ ನಂಬಿ. ಮೆಗಾಪಿಕ್ಸೆಲ್ ಸ್ಟಿಕ್ಕರ್ ಕೂಡ ಹಾಗೇ. ಪಾಲ್ ಡಿವಿ ಚಿತ್ರ 720ಕ್ಕೆ 576, ಅಂದರೆ ಬರೀ 4 ಲಕ್ಷ ಚಿಲ್ಲರೆ ಪಿಕ್ಸೆಲ್. ಫುಲ್ ಎಚ್‌ಡಿಗೆ 20 ಲಕ್ಷ ದಾಟುತ್ತದೆ. ನಿಮಗೆ ಬೇಕಾದ ಲುಕ್ ಬರುವುದು ಆ 4 ಲಕ್ಷದಿಂದಲೇ.

ಮನೆಯಲ್ಲಿ ಹಳೇ ಕ್ಯಾಸೆಟ್ ಇಲ್ಲದಿದ್ದರೆ ಟೇಪ್ ಕ್ಯಾಮೆರಾ ಸಹವಾಸ ಬೇಡ, ಮೇಲಿನ ಉತ್ತರ ಓದಿದಿರಲ್ಲ. ಸಣ್ಣ ಡಿವಿಡಿ ಹಾಕುವಂಥದ್ದೂ ಬೇಡ. ಹಾರ್ಡ್ ಡಿಸ್ಕ್ ಇರುವಂಥದ್ದು ನನಗೆ ಇಷ್ಟವಿಲ್ಲ, ಇಷ್ಟು ವರ್ಷ ತಿರುಗಿದ ಡಿಸ್ಕ್ ಯಾವಾಗ ಕೈಕೊಡುತ್ತದೋ. ಕಾರ್ಡ್ ಹಾಕುವಂಥದ್ದನ್ನೇ ಹುಡುಕಿ. ಸೋನಿಯಾದರೆ ಎಸ್‌ಡಿ ಕಾರ್ಡ್ ಹಿಡಿಯುತ್ತದಾ ಅಂತ ಕೇಳಿ. 2010ಕ್ಕಿಂತ ಹಿಂದಿನವು ಅವರದೇ ಮೆಮೊರಿ ಸ್ಟಿಕ್ ಮಾತ್ರ ಒಪ್ಪುತ್ತವೆ, ಅದನ್ನು ಹುಡುಕುವುದೇ ಒಂದು ಕೆಲಸ.

ಕೊಳ್ಳುವ ದಿನ ನಿಮ್ಮದೇ ಕಾರ್ಡ್ ತೆಗೆದುಕೊಂಡು ಹೋಗಿ. ಮಾರುವವರ ಮುಂದೆಯೇ ಎರಡು ನಿಮಿಷ ತೆಗೆಯಿರಿ: ಅರ್ಧ ಬಿಸಿಲಲ್ಲಿ, ಅರ್ಧ ಕೋಣೆಯೊಳಗೆ, ಜೂಮ್ ಪೂರ್ತಿ ಒಳಗೆ ಹೊರಗೆ. ಆಮೇಲೆ ಅದನ್ನು ಪ್ಲೇ ಮಾಡಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಜೂಮ್ ಮಾಡುವಾಗ ಕರಕರ ಅಂದರೆ ಬೇಡ. ಪರದೆಯನ್ನು ತೆರೆದು ತಿರುಗಿಸಿ ನೋಡಿ. ತಿರುಗಿಸುವಾಗ ಚಿತ್ರ ಹೋಗಿ ಬಂದರೆ ಒಳಗಿನ ಪಟ್ಟಿ ತಂತಿ ಹರಿಯುತ್ತಿದೆ ಅಂತ ಲೆಕ್ಕ. ಲೆನ್ಸ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ಒಳಗೆ ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಬೂಷ್ಟು. ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ಚಾರ್ಜರ್ ಇಲ್ಲ, ಬ್ಯಾಟರಿ ನೀವೇ ತಗೊಳ್ಳಿ, ಆದರೆ ಕ್ಯಾಮೆರಾ ಸೂಪರ್ ಅನ್ನುವವರ ಹತ್ತಿರ ವ್ಯಾಪಾರವೇ ಬೇಡ. ಆನ್ ಆಗುವುದನ್ನು ಅವರೂ ನೋಡಿರುವುದಿಲ್ಲ.

ಕಂಪ್ಯೂಟರಿನಲ್ಲಿ ನೋಡಿದಾಗ ಕೈ ಬೀಸಿದ ಕಡೆ ಬಾಚಣಿಗೆ ಹಲ್ಲಿನಂತೆ ಗೆರೆ ಕಂಡರೆ ಹಾಳಾಗಿದೆ ಅಂದುಕೊಳ್ಳಬೇಡಿ. ಆ ಕಾಲದ ವಿಡಿಯೊ ಇಂಟರ್‌ಲೇಸ್ಡ್, ಒಂದು ಫ್ರೇಮನ್ನು ಎರಡು ಅರ್ಧವಾಗಿ ಬರೆಯುತ್ತಿತ್ತು. ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಡಿಇಂಟರ್‌ಲೇಸ್ ಹಾಕಿದರೆ ಹೋಗುತ್ತದೆ.

ಪ್ರಶ್ನೆ: ಮಗಳ ರಂಗಪ್ರವೇಶ ಇದೆ, ಎರಡೂವರೆ ಗಂಟೆ. ಫೋನ್ ಸಾಕಾ, ಕ್ಯಾಮ್‌ಕಾರ್ಡರ್ ಬಾಡಿಗೆಗೆ ತರಲಾ? (ಹುಬ್ಬಳ್ಳಿಯಿಂದ)

ಉತ್ತರ: ಕೂರುವುದು ಸಭಾಂಗಣದ ಹಿಂದಿನ ಸಾಲಿನಲ್ಲಾದರೆ ಕ್ಯಾಮ್‌ಕಾರ್ಡರ್ ತನ್ನಿ. ಕತ್ತಲಲ್ಲಿ ಇವತ್ತಿನ ಒಳ್ಳೆ ಫೋನ್ ಎಷ್ಟೋ ಕ್ಯಾಮ್‌ಕಾರ್ಡರ್‌ಗಿಂತ ಚೆನ್ನಾಗಿ ತೆಗೆಯುತ್ತದೆ, ನಿಜ. ಆದರೆ ಅಷ್ಟು ದೂರದಿಂದ ಮುಖದ ಅಭಿನಯ ಹಿಡಿಯಲು 20 ಎಕ್ಸ್ ಆಪ್ಟಿಕಲ್ ಜೂಮ್ ಬೇಕು. ಜೊತೆಗೆ ಕರೆಂಟಿಗೆ ಸಿಕ್ಕಿಸಿ ಬಿಟ್ಟರೆ ಬಿಸಿಯಾಗದೆ, ಕರೆ ಬಂದು ನಿಲ್ಲದೆ, ಎರಡೂವರೆ ಗಂಟೆ ಓಡುತ್ತದೆ. ಟ್ರೈಪಾಡ್ ಇಲ್ಲದೆ ಹೋಗಬೇಡಿ.

ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಎಷ್ಟು ಬೆಳಕು ಹಿಡಿಯಬೇಕು ಅನ್ನುವುದನ್ನು ಮಾತ್ರ ಆಟೋದಲ್ಲಿ ಬಿಡಬೇಡಿ. ಹಿಂದೆ ಕಪ್ಪು ಪರದೆ ಇರುತ್ತದೆ. ಕ್ಯಾಮೆರಾ ಅದನ್ನು ಬೆಳಗಿಸಲು ಹೋಗಿ ಹುಡುಗಿಯ ಮುಖವನ್ನು ಸುಣ್ಣ ಬಳಿದ ಗೋಡೆ ಮಾಡಿಬಿಡುತ್ತದೆ. ಸ್ಪಾಟ್‌ಲೈಟ್ ಮೋಡ್ ಇದ್ದರೆ ಹಾಕಿ, ಇಲ್ಲದಿದ್ದರೆ ಎಕ್ಸ್‌ಪೋಷರ್ ಎರಡು ಮೆಟ್ಟಿಲು ಇಳಿಸಿ. ಫೋನಿಗೂ ಕೆಲಸ ಇದೆ. ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವಾಯ್ಸ್ ರೆಕಾರ್ಡರ್ ಆನ್ ಮಾಡಿ, ನಟುವಾಂಗದವರ ಹತ್ತಿರ ಇಟ್ಟು ಬನ್ನಿ. ಹಿಂದಿನ ಸಾಲಿನ ಕ್ಯಾಮೆರಾದಲ್ಲಿ ಕೇಳುವುದು ಪಕ್ಕದವರ ಕೆಮ್ಮು ಮತ್ತು ಚಿಪ್ಸ್ ಪ್ಯಾಕೆಟ್. ಆಮೇಲೆ ಎರಡನ್ನೂ ಜೋಡಿಸಲು ಸುಲಭವಾಗಲಿ ಅಂತ, ಕಾರ್ಯಕ್ರಮ ಶುರುವಾಗುವ ಮುಂಚೆ ರೆಕಾರ್ಡರ್ ಹತ್ತಿರ ನಿಂತು, ಕ್ಯಾಮೆರಾಕ್ಕೆ ಕಾಣುವ ಹಾಗೆ, ಒಂದು ಚಪ್ಪಾಳೆ ಹೊಡೆಯಿರಿ.

ಪ್ರಶ್ನೆ: ಹ್ಯಾಂಡಿಕ್ಯಾಮ್‌ನ ಸಣ್ಣ ಡಿವಿಡಿಗಳು ಕಂಪ್ಯೂಟರಿನಲ್ಲಿ ಖಾಲಿ ಅಂತ ತೋರಿಸುತ್ತಿವೆ. ಎಲ್ಲಾ ಹೋಯಿತಾ? (ಪುತ್ತೂರಿನಿಂದ)

ಉತ್ತರ: ಬಹುಶಃ ಇಲ್ಲ. ಫೈನಲೈಸ್ ಮಾಡಿಲ್ಲ, ಅಷ್ಟೇ. ಆ ಡಿಸ್ಕ್ ಪೂರ್ತಿಯಾಯಿತು ಅಂತ ಕ್ಯಾಮೆರಾದ ಮೆನುವಿನಲ್ಲಿ ಹೇಳಬೇಕಿತ್ತು, ಅದು ಆಗುವ ತನಕ ಬೇರೆ ಯಂತ್ರಗಳು ಓದುವುದಿಲ್ಲ. ಅದೇ ಕ್ಯಾಮೆರಾಕ್ಕೆ ಹಾಕಿ, ಬ್ಯಾಟರಿ ನಂಬದೆ ಅಡಾಪ್ಟರ್ ಸಿಕ್ಕಿಸಿ, ಫೈನಲೈಸ್ ಒತ್ತಿ, ಮುಗಿಯುವವರೆಗೆ ಅಲುಗಾಡಿಸಬೇಡಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ಕ್ಯಾಮೆರಾ ಕೆಟ್ಟಿದ್ದರೆ ಅದೇ ಕಂಪನಿಯ ಡಿವಿಡಿ ಹ್ಯಾಂಡಿಕ್ಯಾಮ್ ಯಾರ ಹತ್ತಿರ ಇದೆ ಅಂತ ಊರಲ್ಲಿ ಕೇಳಿ. ಸಾಗರದವರಿಗೆ ಹೇಳಿದ್ದು ನಿಮಗೂ ಅನ್ವಯ: ಗುಜರಿಯವನು ಬರುವ ಮುಂಚೆ ಕೇಳಿ.