ಸತೊಶಿ ಕೊನ್ ಕುರಿತ ನಿಮ್ಮ ನುಡಿನಮನಕ್ಕೆ ಉತ್ತರ

ಆತ್ಮೀಯರೇ,

ಜಪಾನಿನ ಅನಿಮೇಷನ್ ನಿರ್ದೇಶಕ ಸತೊಶಿ ಕೊನ್ ಅವರ ಅಕಾಲ ಮರಣವನ್ನು ನೆನೆದು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹಾಗೆಂದು ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಕೊನ್ ತೀರಿಕೊಂಡ 2010ರಲ್ಲಿ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಅವರ ಸಾವಿನ ಬಗ್ಗೆ ಒಂದು ಸಾಲೂ ಅಚ್ಚಾಗಲಿಲ್ಲ, ನಾನೂ ಬರೆಯಲಿಲ್ಲ. ಆ ಕೊರಗು ಇನ್ನೂ ಇದೆ. ನಿಮ್ಮ ಲೇಖನದ ಆರನೆಯ ಪ್ಯಾರಾ ಓದಿದಾಗ, ಇದನ್ನು ಬರೆಯಬೇಕಾದವರು ನೀವೇ ಎಂದು ನನಗೆ ಖಚಿತವಾಯಿತು.

ಮೊದಲು ಆರಂಭದ ಮಾತು. ಹುಟ್ಟಿದವನಿಗೆ ಸಾವು ತಪ್ಪದು ಎಂದು ಶುರುವಾಗುವ ನಿಮ್ಮ ಮೊದಲ ಪುಟ ಧ್ರುವತಾರೆ, ದೈತ್ಯ ಪ್ರತಿಭೆ, ತುಂಬಲಾರದ ನಷ್ಟ ಎಂಬ ಪದಗಳನ್ನು ದಾಟಿ ಮುಗಿಯುವ ಹೊತ್ತಿಗೆ, ತೀರಿಕೊಂಡವರು ಚಿತ್ರ ಬಿಡಿಸುತ್ತಿದ್ದರೋ ವೀಣೆ ನುಡಿಸುತ್ತಿದ್ದರೋ ಎಂಬುದೂ ಓದುಗನಿಗೆ ತಿಳಿಯುವುದಿಲ್ಲ. ಆ ಪುಟವನ್ನು ಪೂರ್ತಿ ತೆಗೆದುಬಿಡಿ. ನಿಮ್ಮ ದುಃಖ ನಿಜವೆಂದು ನಾನು ನಂಬುತ್ತೇನೆ, ಆದರೆ ಸವೆದ ಪದಗಳು ಅದನ್ನು ಹೊರುವುದಿಲ್ಲ.

ಸಂಗತಿಗಳಲ್ಲಿ ಮೂರು ತಪ್ಪುಗಳಿವೆ. ಕೊನ್ ಹುಟ್ಟಿದ್ದು 1963ರ ಅಕ್ಟೋಬರ್ 12ರಂದು, ತೀರಿಕೊಂಡದ್ದು 2010ರ ಆಗಸ್ಟ್ 24ರಂದು; ಆದ್ದರಿಂದ ಅವರಿಗಾಗ ನಲವತ್ತೇಳಲ್ಲ, 46 ವರ್ಷ. ಅವರು ಸ್ಟುಡಿಯೋ ಜಿಬ್ಲಿಯವರಲ್ಲ. ಅವರ ನಾಲ್ಕೂ ಪೂರ್ಣ ಪ್ರಮಾಣದ ಚಿತ್ರಗಳು ತಯಾರಾದದ್ದು ಮ್ಯಾಡ್‌ಹೌಸ್ ಸ್ಟುಡಿಯೋದಲ್ಲಿ. ಅವರು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರೆಂದು ಬರೆದಿದ್ದೀರಿ. ಮನೆಯಲ್ಲೇ ಸಾಯಬೇಕೆಂದು ಹಟ ಹಿಡಿದು, ನ್ಯುಮೋನಿಯಾದಿಂದ ನರಳುತ್ತಿದ್ದಾಗಲೂ ಆಸ್ಪತ್ರೆ ಬಿಟ್ಟು ಹೊರಟುಬಂದವರು ಅವರು. ಇಂಥ ಬರಹದಲ್ಲಿ ಇದು ಸಣ್ಣ ತಪ್ಪಲ್ಲ, ಮನುಷ್ಯನ ಕೊನೆಯ ಆಯ್ಕೆಯನ್ನೇ ಅಳಿಸಿಹಾಕುವ ತಪ್ಪು.

ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀವು ಎಲ್ಲ ಕಡೆ ‘ಸತೋಶಿ ಕೋನ್’ ಎಂದು ಬರೆದಿದ್ದೀರಿ. ಜಪಾನಿ ಭಾಷೆಯಲ್ಲಿ ಹ್ರಸ್ವ ಒಕಾರ, ದೀರ್ಘ ಓಕಾರ ಎರಡೂ ಬೇರೆ ಬೇರೆ, ನಮ್ಮಲ್ಲಿರುವ ಹಾಗೆಯೇ. ಇವರ ಹೆಸರಿನಲ್ಲಿ ಎರಡು ಕಡೆಯೂ ಇರುವುದು ಹ್ರಸ್ವವೇ. ಇಂಗ್ಲಿಷ್ ಲಿಪಿಯಲ್ಲಿ ಕಾಣದ ಈ ವ್ಯತ್ಯಾಸವನ್ನು ನಮ್ಮ ಅಕ್ಷರಗಳು ಸಲೀಸಾಗಿ ತೋರಿಸಬಲ್ಲವು. ನಾವು ಗೌರವಿಸುವವರ ಹೆಸರನ್ನು ಅವರ ಮನೆಯವರು ಕರೆಯುತ್ತಿದ್ದಂತೆ ಬರೆಯೋಣ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಲೇಖನದ ಅರ್ಧ ಭಾಗವನ್ನು ಕೊನ್ ಅವರ ವಿದಾಯಪತ್ರವೇ ಆಕ್ರಮಿಸಿದೆ. ಮೇ ತಿಂಗಳಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೊನೆಯ ಹಂತ ತಲುಪಿದೆಯೆಂದು ತಿಳಿದ ಮೇಲೆ, ಆಪ್ತ ವಲಯದ ಹೊರಗೆ ಯಾರಿಗೂ ಹೇಳದೆ ಅವರು ಬರೆದಿಟ್ಟ, ಸಾವಿನ ಮರುದಿನ ಬೆಳಕು ಕಂಡ ಆ ಪತ್ರವನ್ನು ಓದಿ ಕಲ್ಲೆದೆಯೂ ಕರಗುತ್ತದೆ. ಆದರೆ ಓದುಗ ಅಲ್ಲಿ ಅಳುವುದು ಕೊನ್ ಅವರ ಬರಹಕ್ಕೆ, ನಿಮ್ಮ ಬರಹಕ್ಕಲ್ಲ. ನಿಮ್ಮ ಲೇಖನಕ್ಕೆ ಅದರಿಂದ ಎರಡೇ ಸಂಗತಿ ಸಾಕು.

ಒಂದು, ಗಟ್ಟಿಮುಟ್ಟಾಗಿ ಹೆರಲಾಗಲಿಲ್ಲ ಎಂದು ತಾಯಿ ಮಗನ ಕ್ಷಮೆ ಕೇಳಿದ್ದು. ಅದನ್ನು ನೀವು ಹೇಳಿದ್ದೀರಿ, ಆದರೆ ಹೇಳಿದ ಮೇಲೆ ತಾಯ್ತನದ ಮಹಿಮೆಯ ಬಗ್ಗೆ ಮೂರು ವಾಕ್ಯ ಸೇರಿಸಿದ್ದೀರಿ. ಆ ಮೂರನ್ನೂ ಹೊಡೆದುಹಾಕಿ. ತಾಯಿಯ ಮಾತು ಮುಗಿದಲ್ಲಿ ಪ್ಯಾರಾವೂ ಮುಗಿಯಲಿ.

ಇನ್ನೊಂದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಆಗ ಅವರ ಕೈಯಲ್ಲಿ ‘ಯುಮೆಮಿರು ಕಿಕಾಯ್’ ಎಂಬ ಚಿತ್ರವಿತ್ತು. ಕನಸು ಕಾಣುವ ಯಂತ್ರ ಎಂದು ಅದರ ಅರ್ಥ; ಮನುಷ್ಯರೇ ಇಲ್ಲದ, ರೋಬೋಗಳಷ್ಟೇ ಇರುವ, ಮಕ್ಕಳೂ ನೋಡಬಹುದಾದ ಕಥೆ. ಅದರ ಮೂಲಕಥೆ, ಚಿತ್ರಕಥೆ, ಪಾತ್ರಗಳು, ಆ ಲೋಕದ ವಿನ್ಯಾಸ, ಸ್ಟೋರಿಬೋರ್ಡ್ (ಶಾಟ್‌ಗಳನ್ನು ಮೊದಲೇ ಒಂದೊಂದಾಗಿ ಬಿಡಿಸಿಟ್ಟ ಚಿತ್ರಸರಣಿ), ಸಂಗೀತದ ಕಲ್ಪನೆಯವರೆಗೆ ಎಲ್ಲವನ್ನೂ ತಾವೊಬ್ಬರೇ ಹೊತ್ತುಕೊಂಡುಬಿಟ್ಟಿದ್ದೇ ಈಗ ತೊಡಕಾಯಿತಲ್ಲ ಎಂದು ಕೊನ್ ಆ ಪತ್ರದಲ್ಲಿ ಹಳಹಳಿಸಿದ್ದಾರೆ. ಹೇಗಾದರೂ ಮಾಡುತ್ತೇವೆ, ಚಿಂತೆ ಬೇಡ ಎಂದು ನಿರ್ಮಾಪಕ ಮಸಾವೊ ಮರುಯಾಮ ಮಾತು ಕೊಟ್ಟಾಗ ಅವರು ಅತ್ತುಬಿಟ್ಟರು. ಚಿತ್ರ ಇಂದಿಗೂ ಪೂರ್ಣಗೊಂಡಿಲ್ಲ. ತುಂಬಲಾರದ ನಷ್ಟ ಎಂದು ನೀವು ಬರೆದಿರಲ್ಲ, ಆ ನಷ್ಟ ಇದು.

ಚಿತ್ರಗಳ ಬಗ್ಗೆ ನೀವು ಬರೆದ ಭಾಗ ಬರೀ ಪಟ್ಟಿಯಾಗಿದೆ: 1997ರಲ್ಲಿ ‘ಪರ್ಫೆಕ್ಟ್ ಬ್ಲೂ’, 2001ರಲ್ಲಿ ‘ಮಿಲೇನಿಯಮ್ ಆಕ್ಟ್ರೆಸ್’, 2003ರಲ್ಲಿ ‘ಟೋಕ್ಯೋ ಗಾಡ್‌ಫಾದರ್ಸ್’, 2006ರಲ್ಲಿ ‘ಪ್ಯಾಪ್ರಿಕಾ’, ನಡುವೆ ಟಿವಿ ಸರಣಿಯೊಂದು. ನಂತರ ಹಾಲಿವುಡ್‌ನಲ್ಲಿ ಯಾರು ಯಾರು ಅವರನ್ನು ಅನುಕರಿಸಿದರು ಎಂಬ ಒಂದೂವರೆ ಪುಟ. ಅನುಕರಿಸಿದವರ ಹೆಸರಿನಿಂದ ಕೊನ್ ದೊಡ್ಡವರಾಗಬೇಕಿಲ್ಲ. ಆ ಒಂದೂವರೆ ಪುಟ ಬೇಡ. ಬದಲಿಗೆ ಒಂದೇ ಒಂದು ದೃಶ್ಯವನ್ನು ಹಿಡಿದು ಕೂರಿ. ‘ಮಿಲೇನಿಯಮ್ ಆಕ್ಟ್ರೆಸ್’ನಲ್ಲಿ ಸಂದರ್ಶನವೊಂದರಲ್ಲಿ ತನ್ನ ಬದುಕನ್ನು ನೆನೆಯುವ ನಟಿ ಚಿಯೊಕೊ, ಆ ನೆನಪಿನಲ್ಲಿ ತಾನು ಪ್ರೀತಿಸಿದವನ ಬೆನ್ನುಹತ್ತಿ ಓಡುವ ಭಾಗವನ್ನೇ ತೆಗೆದುಕೊಳ್ಳಿ. ಆಕೆ ಕುದುರೆಯ ಮೇಲಿದ್ದಾಗ ಹಿನ್ನೆಲೆ ಹಳೆಯ ಮರದಚ್ಚಿನ ಚಿತ್ರದಂತಾಗುತ್ತದೆ. ನೋಡನೋಡುತ್ತ ವಾಹನ ಬದಲಾಗುತ್ತದೆ, ಉಡುಗೆ ಬದಲಾಗುತ್ತದೆ, ನೂರಾರು ವರ್ಷ ಸರಿದುಹೋಗುತ್ತವೆ, ಆದರೆ ಮುಂದಕ್ಕೆ ಬಾಗಿದ ಆ ದೇಹದ ಧಾವಂತ ಒಂದು ಕ್ಷಣವೂ ತುಂಡಾಗುವುದಿಲ್ಲ. ಕಾಲ ಬದಲಾಯಿತೆಂದು ತಿಳಿಸಲು ಕೊನ್ ಪರದೆಯನ್ನು ಕಪ್ಪಾಗಿಸುವುದಿಲ್ಲ, ಮಸುಕಾಗಿಸುವುದಿಲ್ಲ. ಒಂದು ಶಾಟ್‌ನಲ್ಲಿ ಶುರುವಾದ ಚಲನೆ ಇನ್ನೊಂದು ಯುಗದ ಶಾಟ್‌ನಲ್ಲಿ ಮುಗಿಯುತ್ತದೆ. ಸಂದರ್ಶನ ಮಾಡಲು ಬಂದವನೂ ಕ್ಯಾಮೆರಾ ಹೊತ್ತ ಅವನ ಜೊತೆಗಾರನೂ ಏದುಸಿರು ಬಿಡುತ್ತ ಆ ನೆನಪಿನೊಳಗೇ ಓಡುತ್ತಿರುತ್ತಾರೆ. ಇಂಥ ಜೋಡಣೆ ಆಮೇಲೆ ಸಂಕಲನದ ಮೇಜಿನ ಮೇಲೆ ಹೊಳೆದದ್ದಲ್ಲ. ಸ್ಟೋರಿಬೋರ್ಡನ್ನು ಅಷ್ಟು ಸೂಕ್ಷ್ಮವಾಗಿ ತಾವೇ ಬರೆಯುತ್ತಿದ್ದ ಮನುಷ್ಯ ಮೊದಲೇ ಕಂಡಿದ್ದ ನೋಟ ಅದು. ಇದನ್ನು ನಿಮ್ಮ ಮಾತಿನಲ್ಲಿ, ನಿಮ್ಮ ಕಣ್ಣಿಗೆ ಕಂಡಂತೆ ಬರೆದರೆ, ಎಲ್ಲವೂ ಒಂದೇ ತಲೆಯಲ್ಲಿದ್ದ ಆ ಕೊನೆಯ ಚಿತ್ರ ಯಾಕೆ ನಿಂತುಹೋಯಿತು ಎಂಬುದು ಓದುಗನಿಗೆ ತಾನಾಗಿಯೇ ಅರ್ಥವಾಗುತ್ತದೆ.

ಈಗ ಆ ಆರನೆಯ ಪ್ಯಾರಾ. ಹಾಸ್ಟೆಲ್ಲಿನ ಕೋಣೆಯಲ್ಲಿ ರೂಮ್‌ಮೇಟ್‌ಗೆ ಎಚ್ಚರವಾಗದಂತೆ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ‘ಮಿಲೇನಿಯಮ್ ಆಕ್ಟ್ರೆಸ್’ ನೋಡಿ, ಮುಗಿದ ಕೂಡಲೇ ಇವರ ಮುಂದಿನ ಚಿತ್ರ ಯಾವಾಗ ಬರುತ್ತದೆಂದು ಹುಡುಕಿದಾಗ, ಅವರು ಸತ್ತು ಆಗಲೇ ಒಂಬತ್ತು ವರ್ಷವಾಗಿತ್ತೆಂದು ಗೊತ್ತಾದುದನ್ನು ನೀವು ನಾಲ್ಕು ಸಾಲಿನಲ್ಲಿ ಹೇಳಿ, ಮುಜುಗರಪಟ್ಟವರಂತೆ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಮುಜುಗರ ಬೇಡ. ಪರಿಚಯವಾದ ರಾತ್ರಿಯೇ ಕಳೆದುಕೊಂಡವರ ದುಃಖ ನಿಮ್ಮದು. ಉಳಿದವರೆಲ್ಲ ಅತ್ತು ಮುಗಿಸಿದ ಮೇಲೆ ಒಬ್ಬರೇ ಸೂತಕ ಹಿಡಿದಂಥ ಸ್ಥಿತಿ. ಸುದ್ದಿ ಬಂದ ದಿನವೇ ಶ್ರದ್ಧಾಂಜಲಿ ಬರೆದವರಾರಿಗೂ ಇದು ತಿಳಿದಿರಲಿಲ್ಲ. ಲೇಖನ ಇಲ್ಲಿಂದಲೇ ಆರಂಭವಾಗಬೇಕು.

ಆಗಸ್ಟ್ ಸಂಚಿಕೆಗೆ ಬೇಕಾದರೆ ಜುಲೈ 10ರೊಳಗೆ ಹೊಸ ಪ್ರತಿ ನನ್ನ ಕೈಸೇರಬೇಕು. ಸಾವಿರದ ಇನ್ನೂರು ಪದಗಳವರೆಗೆ ಜಾಗ ಕಾದಿರಿಸಿದ್ದೇನೆ. ಬರೆಯುವ ಮೊದಲು ಚಿತ್ರವನ್ನು ಇನ್ನೊಮ್ಮೆ ನೋಡಿ, ಈ ಸಲ ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು: ಸುಸುಮು ಹಿರಸಾವಾ ಅವರ ಸಂಗೀತದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ.

ವಿಶ್ವಾಸದಿಂದ,
ಸಂಪಾದಕ