ಮಳೆ ಬರುವ ಹಾಗಿದೆ, ಹನ್ನೊಂದು ಜನ ಯಾರು?

ಇಂಗ್ಲೆಂಡಿನ ಕೌಂಟಿ (ಅಲ್ಲಿನ ದೇಶೀಯ ಕ್ರಿಕೆಟ್) ಪಂದ್ಯಕ್ಕೆ ಮಳೆಯ ಮುನ್ಸೂಚನೆ ಇದ್ದಾಗ ತಂಡ ಆರಿಸುವುದು ಹೇಗೆಂದು ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ನಾಲ್ಕು ದಿನದ ಪಂದ್ಯದಲ್ಲಿ ಎರಡು ದಿನ ಮಳೆ ಎಂದು ಮುನ್ಸೂಚನೆ ಇದೆ. ಮೋಡ ಕವಿದಿರುತ್ತದೆ, ಪಿಚ್ ಹಸಿಯಾಗಿರುತ್ತದೆ. ಸ್ಪಿನ್ನರ್‌ನನ್ನು ಕೈಬಿಟ್ಟು ಐವರು ವೇಗಿಗಳನ್ನು ಆಡಿಸುವುದೇ ಸರಿಯಲ್ಲವೇ?

ವಾಡಿಕೆ ಹಾಗೇ ಇದೆ, ಆದರೆ ಓವರ್ ಎಣಿಸಿ ನೋಡಿದರೆ ಅದು ನಿಲ್ಲುವುದಿಲ್ಲ. ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ ದಿನಕ್ಕೆ 96 ಓವರ್, ನಾಲ್ಕು ದಿನಕ್ಕೆ 384. ಎರಡು ದಿನ ಪೂರ್ತಿ ಹೋದರೆ ಉಳಿಯುವುದು 192. ಅರ್ಧ ಎದುರಾಳಿಯ ಬ್ಯಾಟಿಂಗ್‌ಗೆ ಎಂದಿಟ್ಟುಕೊಂಡರೆ ನೀವು ಹಾಕಬೇಕಾದದ್ದು 96 ಓವರ್. ಮೂವರು ಒಳ್ಳೆಯ ವೇಗಿಗಳು ತಲಾ 23 ಹಾಕಿದರೆ 69 ಮುಗಿಯಿತು. ಉಳಿದ 27ರಲ್ಲಿ ಸ್ಪಿನ್ನರ್ 15, ಆರನೇ ಕ್ರಮಾಂಕದ ಆಲ್‌ರೌಂಡರ್ 12. ನಡುನಡುವೆ ಮಳೆ ಬಂದು ನಿಂತರೆ ವೇಗಿಗಳಿಗೆ ಕೇಳದೆಯೇ ವಿಶ್ರಾಂತಿ ಸಿಗುತ್ತದೆ. ಬೆಳಿಗ್ಗೆ ಎಂಟು ಓವರ್ ಹಾಕಿದವನು ಎರಡು ಗಂಟೆ ಪೆವಿಲಿಯನ್‌ನಲ್ಲಿ ಕೂತು ಮತ್ತೆ ಹೊಸಬನಂತೆ ಬರುತ್ತಾನೆ. ನಾಲ್ಕನೇ, ಐದನೇ ವೇಗಿ ನಿಜವಾಗಿ ಬೇಕಾಗುವುದು ಬಿಸಿಲಲ್ಲಿ ದಿನವಿಡೀ ಬೆವರು ಸುರಿಸಬೇಕಾದ ಪಂದ್ಯಕ್ಕೆ. ಮಳೆ ಪಂದ್ಯದಲ್ಲಿ ಐದನೆಯವನು ಏಳೆಂಟು ಓವರ್ ಹಾಕಿ ಬೌಂಡರಿ ಬಳಿ ಫೈನ್ ಲೆಗ್‌ನಲ್ಲಿ ಚಳಿಗೆ ನಡುಗುತ್ತಾನೆ, ಅವನಿಗಾಗಿ ಬಿಟ್ಟ ಬ್ಯಾಟರ್‌ನ ಜಾಗ ಮಾತ್ರ ಖಾಲಿ.

ಸ್ಪಿನ್ನರ್‌ನನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣ ಬೆಳಕು. ಮೋಡ ದಟ್ಟವಾದಾಗ ಅಂಪೈರ್‌ಗಳು ವೇಗದ ಬೌಲಿಂಗ್ ಅಪಾಯ ಎಂದು ಎಚ್ಚರಿಸುತ್ತಾರೆ. ನಾಯಕ ಎರಡೂ ತುದಿಯಿಂದ ಸ್ಪಿನ್ ಹಾಕಿಸಲು ಒಪ್ಪಿದರೆ ಆಟ ಮುಂದುವರಿಸಲು ಬಿಡುವುದುಂಟು. ಸ್ಪಿನ್ನರ್ ಇಲ್ಲದ ತಂಡ ಅಲ್ಲಿಗೆ ಒಳಗೆ ನಡೆಯಬೇಕು. ‘ಎರಡೂ ತುದಿ’ ಎಂಬುದನ್ನು ಗಮನಿಸಿ: ಬ್ಯಾಟರ್‌ಗಳ ಪೈಕಿ ಒಬ್ಬನಾದರೂ ಐದಾರು ಓವರ್ ಕೈ ತಿರುಗಿಸಬಲ್ಲವನಿರಲಿ.

ಹಾಗಾಗಿ ಇಂಥ ಪಂದ್ಯಕ್ಕೆ ಆರು ಬ್ಯಾಟರ್‌ಗಳು (ಒಬ್ಬ ಮಧ್ಯಮ ವೇಗ ಹಾಕಬಲ್ಲವನು), ಏಳಕ್ಕೆ ವಿಕೆಟ್‌ಕೀಪರ್, ಎಂಟಕ್ಕೆ ಬ್ಯಾಟ್ ಹಿಡಿಯಬಲ್ಲ ಸ್ಪಿನ್ನರ್, ಕೊನೆಗೆ ಮೂವರು ವೇಗಿಗಳು. ಗಾಯದಿಂದ ಈಗಷ್ಟೇ ಮರಳಿದ ವೇಗಿಯನ್ನು ಮಾತ್ರ ಇಲ್ಲಿ ಇಳಿಸಬೇಡಿ. ನಿಂತು ನಿಂತು ಮೈ ತಣ್ಣಗಾಗುತ್ತದೆ, ಹಸಿ ನೆಲದಲ್ಲಿ ಮುಂಗಾಲು ಜಾರುತ್ತದೆ. ಪಕ್ಕೆಯ ಸ್ನಾಯು ಹರಿಯಲು, ತೊಡೆಯ ಹಿಂಭಾಗ ಹಿಡಿಯಲು ಇಷ್ಟು ಸಾಕು.

ಪ್ರಶ್ನೆ: ಮಳೆ ಮೊದಲ ಎರಡು ದಿನ ಬಂದರೂ ಕೊನೆಯ ಎರಡು ದಿನ ಬಂದರೂ ಲೆಕ್ಕ ಒಂದೇ ತಾನೇ?

ಓವರ್‌ಗಳ ಲೆಕ್ಕ ಒಂದೇ, ಪಿಚ್‌ನ ಕಥೆ ಬೇರೆ.

ಮೊದಲು ಮಳೆ ಬಂದರೆ ಪಿಚ್ ಒಂದೆರಡು ದಿನ ಹೊದಿಕೆಯ ಕೆಳಗೆ ಬೆವರುತ್ತದೆ. ನೀರು ಒಳಗೆ ಇಳಿಯದಿದ್ದರೂ ಮಣ್ಣಿನ ತೇವ ಆರಿಹೋಗಲು ದಾರಿಯಿಲ್ಲ. ಹೊದಿಕೆ ತೆಗೆದ ಮೊದಲ ಎರಡು ಗಂಟೆ ಚೆಂಡು ಸೀಮ್ (ಹೊಲಿಗೆಯ ಅಂಚು) ಮೇಲೆ ಬಿದ್ದು ಅತ್ತಿತ್ತ ಹೊರಳುತ್ತದೆ. ನಾಲ್ಕನೇ ವೇಗಿಗೆ ವಾದ ಮಾಡುವವರಿಗೆ ಇದೊಂದೇ ಗಟ್ಟಿ ಸಂದರ್ಭ. ಆದರೆ ಟಾಸ್ ಸೋತರೆ ಆ ಎರಡು ಗಂಟೆ ಆಡಬೇಕಾದವರು ನೀವೇ, ಆಗ ಬೇಕಾಗುವುದು ಚೆಂಡು ಬಿಡಲು ಗೊತ್ತಿರುವ ಆರಂಭಿಕ ಬ್ಯಾಟರ್.

ಮಳೆ ಕೊನೆಗೆ ಎಂದಿದ್ದರೆ ನಾಲ್ಕನೇ ಇನಿಂಗ್ಸ್ ಇಲ್ಲವೆಂದೇ ತಿಳಿಯಿರಿ. ಟಾಂಟನ್‌ನಂಥ ತಿರುವು ಕೊಡುವ ಮೈದಾನದಲ್ಲೂ ಎರಡನೇ ಸ್ಪಿನ್ನರ್ ಆಗ ದಂಡ. ಮೊದಲ ಎರಡು ದಿನದಲ್ಲಿ ಸಿಗುವ ಬೋನಸ್ ಅಂಕಗಳ ಕಡೆಗೆ ತಂಡವನ್ನು ವಾಲಿಸಬೇಕು.

ದಿನವೂ ಒಂದೊಂದು ಗಂಟೆ ತುಂತುರು ಎಂಬ ಮೂರನೇ ಬಗೆಯೇ ಇಂಗ್ಲೆಂಡಿನಲ್ಲಿ ಹೆಚ್ಚು. ಅದರಲ್ಲಿ ಒಟ್ಟು 60-70 ಓವರ್ ಹೋಗಬಹುದು. ಅದಕ್ಕೆಲ್ಲ ತಂಡ ಬದಲಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ಅಂಕಗಳ ಕಡೆಗೆ ವಾಲಿಸುವುದು ಎಂದರೇನು?

ಗೆದ್ದರೆ 16. ಡ್ರಾಗೆ 2023ರಲ್ಲಿ 5 ಇಟ್ಟಿದ್ದರು, 2024ರಲ್ಲಿ ಮತ್ತೆ 8ಕ್ಕೆ ಏರಿಸಿದರು. ಇದರ ಮೇಲೆ ಮೊದಲ ಇನಿಂಗ್ಸ್‌ನ 110 ಓವರ್‌ಗಳೊಳಗೆ ಬ್ಯಾಟಿಂಗ್‌ಗೆ ಗರಿಷ್ಠ 5 (250 ರನ್ನಿಗೆ ಮೊದಲನೆಯದು, ಆಮೇಲೆ 300, 350, 400, 450), ಬೌಲಿಂಗ್‌ಗೆ ಗರಿಷ್ಠ 3 (ಮೂರು, ಆರು, ಒಂಬತ್ತು ವಿಕೆಟ್‌ಗೆ).

192 ಓವರ್‌ಗಳಲ್ಲಿ 20 ವಿಕೆಟ್ ಕಿತ್ತು ಗೆಲ್ಲುವುದು ಪಿಚ್ ತೀರಾ ಕೆಟ್ಟಿದ್ದರೆ ಮಾತ್ರ. ಆದರೆ ಒಂಬತ್ತು ವಿಕೆಟ್ ಕಿತ್ತು ಮೂರು ಅಂಕ, 350 ಹೊಡೆದು ಮೂರು ಅಂಕ ಸಾಧ್ಯವಿರುವ ಮಾತು: 8+6, ಒಟ್ಟು 14. ಗೆಲುವಿನ 16ಕ್ಕೂ ಇದಕ್ಕೂ ಬಹಳ ದೂರವಿಲ್ಲ. 250ರಿಂದ 350ಕ್ಕೆ ಹೋಗುವ ಆ ನೂರು ರನ್ ಏಳನೇ, ಎಂಟನೇ ಕ್ರಮಾಂಕದವರ ಬ್ಯಾಟಿನಿಂದ ಬರಬೇಕು. ಮಳೆ ಪಂದ್ಯಕ್ಕೆ ಬಾಲ (ಬ್ಯಾಟ್ ಹಿಡಿಯಲು ಬಾರದ ಕೊನೆಯವರು) ಉದ್ದವಿರಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಲೆಕ್ಕವೂ ನಾಯಕನ ತಲೆಯಲ್ಲಿರಬೇಕು. ಕೊನೆಯ ದಿನ ಎದುರಾಳಿ ನಾಯಕ ಬಂದು “ಡಿಕ್ಲೇರ್ ಮಾಡುತ್ತೇವೆ (ನಮ್ಮ ಇನಿಂಗ್ಸ್ ನಾವೇ ಮುಗಿಸುತ್ತೇವೆ), ಇಷ್ಟು ಓವರ್‌ಗೆ ಇಷ್ಟು ರನ್ ಬೆನ್ನಟ್ಟುತ್ತೀರಾ?” ಎಂದು ಕೇಳಿದರೆ ಒಪ್ಪಬೇಕೇ? ಪಂದ್ಯ ಗೆಲುವು ಇಲ್ಲವೇ ಸೋಲಿನಲ್ಲೇ ಮುಗಿಯುವುದಾದರೆ, ಡ್ರಾಗೆ 8 ಇರುವಾಗ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಲಾಭ. ಡ್ರಾಗೆ 5 ಇದ್ದಾಗ ಮೂರರಲ್ಲೊಂದು ಸಾಧ್ಯತೆಯೇ ಸಾಕಿತ್ತು. ಅಂಕಪಟ್ಟಿಯಲ್ಲಿ ನಿಮ್ಮ ಸ್ಥಾನ ಈ ಲೆಕ್ಕವನ್ನು ತಲೆಕೆಳಗು ಮಾಡಬಹುದು. 2016ರ ಸೆಪ್ಟೆಂಬರ್‌ನಲ್ಲಿ ಲಾರ್ಡ್ಸ್‌ನಲ್ಲಿ ಮಿಡ್ಲ್‌ಸೆಕ್ಸ್–ಯಾರ್ಕ್‌ಷೈರ್ ಪಂದ್ಯ ಡ್ರಾ ಆಗಿದ್ದರೆ ಪ್ರಶಸ್ತಿ ಸಾಮರ್‌ಸೆಟ್‌ಗೆ ಹೋಗುತ್ತಿತ್ತು. ಇಬ್ಬರೂ ಮಾತಾಡಿಕೊಂಡು 40 ಓವರ್‌ಗೆ 240 ರನ್ ಗುರಿ ಇಟ್ಟರು. ಟೋಬಿ ರೋಲಂಡ್-ಜೋನ್ಸ್ ಹ್ಯಾಟ್ರಿಕ್‌ನೊಂದಿಗೆ ಮಿಡ್ಲ್‌ಸೆಕ್ಸ್ ಚಾಂಪಿಯನ್ ಆಯಿತು. ಸಾಮರ್‌ಸೆಟ್ ಅಭಿಮಾನಿಗಳ ಮುಂದೆ ಈ ವಿಷಯ ಎತ್ತದಿರುವುದು ಕ್ಷೇಮ.

ಪ್ರಶ್ನೆ: ಹಳೆಯ ಕಾಲದಲ್ಲಿ ಮಳೆ ಬಂದರೆ ಸ್ಪಿನ್ನರ್‌ಗಳಿಗೆ ಹಬ್ಬ ಎನ್ನುತ್ತಿದ್ದರು. ಈಗ ತದ್ವಿರುದ್ಧ ಹೇಳುತ್ತಾರೆ. ಯಾವುದು ಸರಿ?

ಎರಡೂ ಸರಿ, ನಡುವೆ ಬದಲಾದದ್ದು ಹೊದಿಕೆ. ಆಗ ಪಿಚ್ ಮಳೆಗೆ ತೆರೆದೇ ಇರುತ್ತಿತ್ತು. ನೆನೆದ ಮಣ್ಣು ಬಿಸಿಲಿಗೆ ಒಣಗುವಾಗ ಮೇಲ್ಪದರ ಹೆಪ್ಪುಗಟ್ಟಿ ಒಳಗೆ ಮೆತ್ತಗಿರುತ್ತದೆ. ಚೆಂಡು ಆ ಪದರವನ್ನು ಕಚ್ಚಿ ತಿರುಗುತ್ತದೆ, ಒಮ್ಮೆ ಗಲ್ಲಕ್ಕೆ, ಒಮ್ಮೆ ಪಾದಕ್ಕೆ ಬರುತ್ತದೆ. ಕೆಂಟ್‌ನ ಡೆರೆಕ್ ಅಂಡರ್‌ವುಡ್ ಅಂಥ ಪಿಚ್‌ನ ಯಮ. 1968ರ ಓವಲ್ ಟೆಸ್ಟ್‌ನ ಕೊನೆಯ ದಿನ ಮಳೆ ಮೈದಾನವನ್ನೇ ಕೆರೆ ಮಾಡಿತ್ತು, ಪ್ರೇಕ್ಷಕರೂ ಇಳಿದು ನೀರು ಬಳಿದರು. ಅಂಡರ್‌ವುಡ್ 50 ರನ್ನಿಗೆ 7 ವಿಕೆಟ್ ಕಿತ್ತು, ಇನ್ನು ಕೆಲವೇ ನಿಮಿಷ ಇರುವಾಗ ಆಸ್ಟ್ರೇಲಿಯಾವನ್ನು 125ಕ್ಕೆ ಮುಗಿಸಿದರು.

ಈಗ ಮಳೆಯ ನೀರು ಪಿಚ್ ಮುಟ್ಟುವುದಿಲ್ಲ, ಔಟ್‌ಫೀಲ್ಡ್ ಮಾತ್ರ ನೆನೆಯುತ್ತದೆ. ಪಿಚ್ ಸವೆಯಲು ಬೇಕಾದ ಬಿಸಿಲೂ ಓವರ್‌ಗಳೂ ಇಲ್ಲ, ಮೇಲಾಗಿ ಚೆಂಡು ಒದ್ದೆ. ಅಲ್ಲಿ ಬಳಸುವ ಡ್ಯೂಕ್ಸ್ ಚೆಂಡಿನ ಸೀಮ್ ಕೈಹೊಲಿಗೆಯದು, ಎದ್ದು ನಿಂತಿರುತ್ತದೆ. ಹುಲ್ಲಿನ ನೀರು ಹೀರಿದರೆ ಚರ್ಮ ಉಬ್ಬಿ ಹೊಳಪು ಹೋಗಿ ಮೆತ್ತಗಾಗುತ್ತದೆ. ಬೆರಳಲ್ಲಿ ತಿರುಗಿಸುವವನಿಗೆ ಹಿಡಿತ ಜಾರುತ್ತದೆ, ಮಣಿಕಟ್ಟಿನ ಸ್ಪಿನ್ನರ್‌ಗೆ ಇನ್ನೂ ಕಷ್ಟ. ಅನಿಲ್ ಕುಂಬ್ಳೆ 1995ರಲ್ಲಿ ನಾರ್ಥಾಂಪ್ಟನ್‌ಷೈರ್ ಪರ 105 ವಿಕೆಟ್ ಪಡೆದದ್ದನ್ನು ನೆನೆಸಿಕೊಂಡು ಕೆಲವರು ಪತ್ರ ಬರೆದಿದ್ದಾರೆ. ಅದು ಇಂಗ್ಲೆಂಡ್ ಬಿಸಿಲಲ್ಲಿ ಬೆಂದ ಬೇಸಿಗೆ ಎಂಬುದನ್ನೂ ಜೊತೆಗೆ ನೆನೆಸಿಕೊಳ್ಳಿ.

ಮಳೆ ಪಂದ್ಯದ ಸ್ಪಿನ್ನರ್‌ನಿಂದ ವಿಕೆಟ್ ರಾಶಿ ನಿರೀಕ್ಷಿಸಬಾರದು. ಒಂದು ತುದಿ ಕಟ್ಟಿಹಾಕುವುದು, ಓವರ್ ಬೇಗ ಮುಗಿಸುವುದು, ಕತ್ತಲಲ್ಲಿ ಆಟ ನಿಲ್ಲದಂತೆ ನೋಡಿಕೊಳ್ಳುವುದು ಅವನ ಕೆಲಸ. ಚೆಂಡು ಒರೆಸಲು ಅಂಪೈರ್ ಒಪ್ಪಿದ ಬಟ್ಟೆಯನ್ನೇ ಬಳಸಬೇಕು. ಬೌಲರ್ ಕಾಲೂರುವ ಜಾಗಕ್ಕೆ ಮರದ ಹೊಟ್ಟು ಹಾಕಿಸಿಕೊಳ್ಳಬಹುದು.

ಪ್ರಶ್ನೆ: ಐಪಿಎಲ್‌ನಲ್ಲಿ ಟಾಸ್ ಆದ ಮೇಲೆ ತಂಡದ ಪಟ್ಟಿ ಕೊಡುತ್ತಾರೆ. ಕೌಂಟಿಯಲ್ಲೂ ಹಾಗೆ ಮಾಡಿದರೆ ಈ ತಲೆನೋವೇ ಇರುವುದಿಲ್ಲವಲ್ಲ?

ಕೌಂಟಿಯಲ್ಲಿ ಆ ಸೌಲಭ್ಯವಿಲ್ಲ. ಟಾಸ್‌ಗೆ ಮೊದಲೇ ಹನ್ನೊಂದು ಹೆಸರು ಬರೆದು ಅಂಪೈರ್ ಕೈಗೆ ಕೊಡಬೇಕು. ಆಮೇಲೆ ಬದಲಿಸಲು ಎದುರಾಳಿ ನಾಯಕನ ಒಪ್ಪಿಗೆ ಬೇಕು. ಅಂದರೆ ಬ್ಯಾಟಿಂಗ್ ಮೊದಲಾದರೂ ಬೌಲಿಂಗ್ ಮೊದಲಾದರೂ ನಡೆಯುವ ತಂಡವನ್ನೇ ಕಟ್ಟಬೇಕು. (2016ರಿಂದ 2019ರವರೆಗೆ ಅತಿಥಿ ತಂಡ ಬೇಕೆಂದರೆ ಟಾಸ್ ಇಲ್ಲದೆಯೇ ಮೊದಲು ಬೌಲ್ ಮಾಡಬಹುದಿತ್ತು, ಆಗ ಲೆಕ್ಕ ಸುಲಭವಿತ್ತು.)

ಆದರೆ ಮಳೆಯೇ ಇಲ್ಲಿ ಒಂದು ಉಪಕಾರ ಮಾಡುತ್ತದೆ. ಟಾಸ್ ಹಾಕುವುದು ಆಟ ಶುರುವಾಗುವ ಸಮಯಕ್ಕೆ 30ರಿಂದ 15 ನಿಮಿಷ ಮೊದಲು. ಆಟ ಮುಂದಕ್ಕೆ ಹೋದರೆ ಟಾಸ್ ಕೂಡ ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಪೂರ್ತಿ ಮಳೆಯಾದರೆ ಪಟ್ಟಿ ಕೊಡಲು ಎರಡನೇ ದಿನದವರೆಗೆ ಸಮಯವಿದೆ, ಅಷ್ಟರಲ್ಲಿ ಹೊಸ ಮುನ್ಸೂಚನೆಯೂ ಬಂದಿರುತ್ತದೆ. ಇದನ್ನು ಹಾಳುಮಾಡಿಕೊಳ್ಳುವವರು ಹಿಂದಿನ ಸಂಜೆಯೇ “ನೀನು ಆಡುತ್ತಿಲ್ಲ” ಎಂದು ಹೇಳಿ ಒಬ್ಬನನ್ನು ಎರಡನೇ ತಂಡದ ಪಂದ್ಯಕ್ಕೆ ಕಳಿಸಿಬಿಡುತ್ತಾರೆ. 13 ಜನರನ್ನು ಮೈದಾನದಲ್ಲೇ ಉಳಿಸಿಕೊಳ್ಳಿ. ಒಂಬತ್ತು ಹೆಸರು ಖಚಿತವಿರಲಿ, ಉಳಿದ ಎರಡು ಜಾಗಕ್ಕೆ ಒಬ್ಬ ವೇಗಿ, ಒಬ್ಬ ಸ್ಪಿನ್ನರ್, ಇಬ್ಬರು ಬ್ಯಾಟರ್‌ಗಳು ಕಾಯಲಿ.

ಪ್ರಶ್ನೆ: ಮುನ್ಸೂಚನೆಯಲ್ಲಿ “ಶೇ. 60 ಮಳೆ” ಎಂದರೆ ದಿನದ ಶೇ. 60 ಆಟ ಹೋಯಿತು ಎಂದೇ?

ಅಲ್ಲ. ಆ ಗಂಟೆಯಲ್ಲಿ ಅಲ್ಲಿ ಮಳೆ ಬೀಳುವ ಸಾಧ್ಯತೆ ಎಷ್ಟು ಎಂದಷ್ಟೇ ಅದರ ಅರ್ಥ. ಎಷ್ಟು ಬೀಳುತ್ತದೆ, ಎಷ್ಟು ಹೊತ್ತು ಬೀಳುತ್ತದೆ ಎಂಬುದು ಅದರಲ್ಲಿಲ್ಲ. ಗಂಟೆವಾರು ಅಂಕಿಗಳನ್ನು ಸಾಲಾಗಿ ನೋಡಿ: ಐದಾರು ಗಂಟೆ ಒಂದೇ ಸಮನೆ 80-90 ಇದ್ದರೆ ದಿನ ಹೋಯಿತು. 40-50 ಚದುರಿದ್ದರೆ ತುಂತುರು, ಆಟ ನಡೆಯುತ್ತದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆಪಟ್ಟಿ ಸಾಮಾನ್ಯವಾಗಿ ಮೊದಲು ಪಶ್ಚಿಮದ ಕಾರ್ಡಿಫ್, ಟಾಂಟನ್ ಕಡೆ ಸುರಿದು, ಪೂರ್ವದ ಚೆಲ್ಮ್ಸ್‌ಫರ್ಡ್, ಕ್ಯಾಂಟರ್ಬರಿ ತಲುಪುವುದು ಎಷ್ಟೋ ಗಂಟೆಗಳ ಮೇಲೆ. ಹೀಗಾಗಿ ಪೂರ್ವದಲ್ಲಿ ಆಡುವ ತಂಡ ಪಶ್ಚಿಮದ ರೇಡಾರ್ ನೋಡಬೇಕು. ಮಳೆ ನಿಂತ ಮೇಲೆ ಮೈದಾನ ಎಷ್ಟು ಬೇಗ ಆರುತ್ತದೆ ಎಂಬುದು ಬೇರೆಯೇ ಮಾತು. ಲಾರ್ಡ್ಸ್‌ನ ಔಟ್‌ಫೀಲ್ಡ್ ನೀರನ್ನು ಬೇಗ ಕುಡಿಯುತ್ತದೆ. ವೂಸ್ಟರ್‌ನ ನ್ಯೂ ರೋಡ್ ಸೆವರ್ನ್ ನದಿಯ ಮಗ್ಗುಲಲ್ಲೇ ಇದೆ, ನದಿ ಉಕ್ಕಿದರೆ ಮೈದಾನವೇ ಮುಳುಗುತ್ತದೆ.

ಪ್ರಶ್ನೆ: ಮೋಡವಿದ್ದರೆ ಚೆಂಡು ಹೆಚ್ಚು ಸ್ವಿಂಗ್ ಆಗುವುದು ನಿಜವೇ?

ಆಟಗಾರರು ನಂಬುತ್ತಾರೆ. ತೇವದ ಗಾಳಿಯೇ ಕಾರಣ ಎಂಬ ವಿವರಣೆ ಮಾತ್ರ ದುರ್ಬಲ: ತೇವದ ಗಾಳಿ ಒಣ ಗಾಳಿಗಿಂತ ಹಗುರ. ಗಾಳಿಯಲ್ಲಿನ ಸ್ವಿಂಗ್‌ಗಿಂತ ಹಸಿ ಪಿಚ್ ಮೇಲಿನ ಸೀಮ್ ಚಲನೆಯನ್ನು ನೆಚ್ಚಿಕೊಂಡು ಬೌಲರ್ ಆರಿಸಿ. ಉದ್ದ ಸರಿಯಾಗಿ ಹಾಕುವ ಮಧ್ಯಮ ವೇಗಿ ಸಾಕು.

ಪ್ರಶ್ನೆ: ಕೌಂಟಿಗಳ 20 ಓವರ್ ಟೂರ್ನಿಯಾದ ಟಿ20 ಬ್ಲಾಸ್ಟ್‌ನಲ್ಲಿ ಮಳೆಯಿಂದ ಪಂದ್ಯ ಐದೋ ಎಂಟೋ ಓವರ್‌ಗೆ ಇಳಿಯುವಂತಿದ್ದರೆ ಬೌಲರ್‌ಗಳನ್ನು ಕಡಿಮೆ ಮಾಡಬಹುದೇ?

ಎಲ್ಲರೂ ಎಡವುವ ಜಾಗ ಇದು. ಒಬ್ಬ ಬೌಲರ್ ಇನಿಂಗ್ಸ್‌ನ ಐದನೇ ಒಂದು ಭಾಗ ಮಾತ್ರ ಹಾಕಬಹುದು ಎಂಬ ಮಿತಿ ಓವರ್ ಇಳಿದಂತೆ ಇಳಿಯುತ್ತದೆ. ಫಲಿತಾಂಶಕ್ಕೆ ಬೇಕಾದ ಕನಿಷ್ಠ 5 ಓವರ್‌ನ ಪಂದ್ಯದಲ್ಲಿ ಐವರು ತಲಾ ಒಂದು. 8 ಓವರ್ ಆದರೆ ಮೂವರು ಎರಡೆರಡು, ಇಬ್ಬರು ಒಂದೊಂದು. ಎಷ್ಟೇ ಚಿಕ್ಕದಾದರೂ ಐವರು ಬೇಕೇ ಬೇಕು. ಕಡಿಮೆಯಾಗುವುದು ಬ್ಯಾಟರ್‌ಗಳ ಅಗತ್ಯ: 8 ಓವರ್‌ನಲ್ಲಿ ಏಳನೆಯವನು ಕಾಲಿಗೆ ಪ್ಯಾಡ್ ಕಟ್ಟಿ ಕೂತೇ ಇರಬಹುದು. ನಿಧಾನಕ್ಕೆ ಕಟ್ಟಿ ಆಡುವ ಮೂರನೇ ಕ್ರಮಾಂಕದವನನ್ನು ಬಿಟ್ಟು, ಮೊದಲ ಚೆಂಡಿನಿಂದ ಬೀಸುವವನನ್ನು ತನ್ನಿ. ಒದ್ದೆ ಚೆಂಡಿನಲ್ಲಿ ಯಾರ್ಕರ್ ತಪ್ಪಿ ಫುಲ್‌ಟಾಸ್ ಆಗುವುದರಿಂದ, ಪಿಚ್‌ಗೆ ಗಟ್ಟಿಯಾಗಿ ಬಡಿದು ವೇಗ ಬದಲಿಸುವ ಬೌಲರ್ ವಾಸಿ.

ಮಳೆ ಎರಡನೇ ಇನಿಂಗ್ಸ್‌ನಲ್ಲಿ ಬರುವ ಸೂಚನೆ ಇದ್ದರೆ ಬೆನ್ನಟ್ಟುವವರಿಗೆ ವಿಕೆಟ್ ಉಳಿಸಿಕೊಳ್ಳುವುದೇ ಬಂಡವಾಳ. ಮಳೆ ಬಂದಾಗ ಗುರಿ ಮರುನಿಗದಿ ಮಾಡುವ ಡಕ್ವರ್ತ್–ಲೂಯಿಸ್–ಸ್ಟರ್ನ್ ಲೆಕ್ಕದಲ್ಲಿ ಉಳಿದ ಓವರ್ ಮತ್ತು ಉಳಿದ ವಿಕೆಟ್ ಎರಡೂ ಸೇರಿ ಸಂಪನ್ಮೂಲ. ಒಂದು ವಿಕೆಟ್ ಬಿದ್ದರೂ ಆ ಕ್ಷಣ ಮುಟ್ಟಿರಬೇಕಾದ ಮೊತ್ತ ಮೇಲೇರುತ್ತದೆ.

ಪ್ರಶ್ನೆ: ಮೊದಲ ದಿನವೇ ಹೋದರೆ ಫಾಲೋ ಆನ್ ಅಂತರ (ಎಷ್ಟು ರನ್ ಹಿಂದಿದ್ದರೆ ಎದುರಾಳಿಯನ್ನು ತಕ್ಷಣ ಮತ್ತೆ ಬ್ಯಾಟ್‌ಗೆ ಇಳಿಸಬಹುದು ಎಂಬ ಲೆಕ್ಕ) ಬದಲಾಗುತ್ತದೆಯೇ?

ನಾಲ್ಕು ದಿನದ ಪಂದ್ಯಕ್ಕೂ ಮೂರು ದಿನದ ಪಂದ್ಯಕ್ಕೂ ಅಂತರ 150 ಆದ್ದರಿಂದ ಒಂದು ದಿನ ಹೋದರೆ ಬದಲಿಲ್ಲ. ಮೊದಲ ಎರಡು ದಿನ ಒಂದು ಚೆಂಡೂ ಬೀಳದಿದ್ದರೆ ಕ್ರಿಕೆಟ್ ನಿಯಮ ರೂಪಿಸುವ ಎಂಸಿಸಿಯ ನಿಯಮ 14ರಂತೆ ಅದು ಎರಡು ದಿನದ ಪಂದ್ಯ, ಅಂತರ 100. ಆಟ ಶುರುವಾದ ದಿನವನ್ನು ಪೂರ್ತಿ ದಿನವೆಂದೇ ಎಣಿಸುತ್ತಾರೆ, ಮೂರನೇ ದಿನ ಸಂಜೆ ಐದಕ್ಕೆ ಶುರುವಾದರೂ ಸರಿ. ಮೊದಲ ದಿನ ಒಂದೇ ಓವರ್ ನಡೆದು ಆಮೇಲೆ ಎರಡನೇ ದಿನ ಪೂರ್ತಿ ಕೊಚ್ಚಿಹೋದರೆ ಮಾತ್ರ ಈ ರಿಯಾಯಿತಿ ಇಲ್ಲ, 150 ಹಾಗೇ ಉಳಿಯುತ್ತದೆ.