ಯೋಯೋ ಲೋಚ್ ಅಂತ ತಂದ ಐದು ಅಕ್ವೇರಿಯಂ ಮೀನಲ್ಲಿ ಎರಡು ಬೇರೆ ಥರ ಕಾಣ್ತಿವೆ, ಇವೆಲ್ಲ ಒಂದೇ ಜಾತಿನಾ? ಒಟ್ಟಿಗೆ ಸಾಕಬಹುದಾ?

ನೀವು ಬರೆದಿರೋದು ಇಷ್ಟು: ಯೋಯೋ ಅಂತ ಹೇಳಿ ಕೊಟ್ಟ ಐದು ಮರಿ, ಎಲ್ಲಾ ಎರಡು ಇಂಚಿನ ಒಳಗೆ, ಮೂರರ ಮೈ ಬೆಳ್ಳಿ ಬಣ್ಣ ಅದರ ಮೇಲೆ ವೈ ಥರದ ಕಪ್ಪು ಗೆರೆ, ಇನ್ನೆರಡರ ಮೈಯೇ ಕಪ್ಪು, ಅದರಲ್ಲಿ ದುಂಡಗೆ ಹಳದಿ ಹಳದಿ ಚುಕ್ಕೆ, ಟ್ಯಾಂಕ್ 60 ಲೀಟರ್, ಒಮ್ಮೊಮ್ಮೆ ಮೀನು ಮಗ್ಗುಲಾಗಿ ಬಿದ್ದಿರತ್ತೆ, ಮತ್ತೆ ಈ ಬಣ್ಣದ ಫರಕು ಗಂಡು ಹೆಣ್ಣು ವ್ಯತ್ಯಾಸ ಇರಬಹುದಾ ಅಂತ.

ಮೊದ್ಲು ಆ ಕೊನೇ ಪ್ರಶ್ನೆಗೆ ಹೇಳಿಬಿಡ್ತೀನಿ, ಗಂಡು ಹೆಣ್ಣಿನ ವ್ಯತ್ಯಾಸ ಅಲ್ಲ. ಬೋಟಿಯಾ ಗುಂಪಿನ ಲೋಚ್‌ಗಳಲ್ಲಿ ಮೈಮೇಲಿನ ಡಿಸೈನ್ ನೋಡಿ ಗಂಡು ಹೆಣ್ಣು ಹೇಳೋಕೆ ಆಗಲ್ಲ, ಚೆನ್ನಾಗಿ ಬೆಳೆದ ಮೇಲೆ ಹೆಣ್ಣಿನ ಹೊಟ್ಟೆ ಸ್ವಲ್ಪ ತುಂಬಿಕೊಂಡಿರತ್ತೆ ಅಷ್ಟೇ, ಎರಡು ಇಂಚಿನ ಮರಿಯಲ್ಲಿ ಅದೂ ಗೊತ್ತಾಗಲ್ಲ. ನೀವು ಹೇಳಿದ್ದು ಓದಿದ್ರೆ ಮೂರು ಯೋಯೋ, ಇನ್ನೆರಡು ಬಹುಶಃ ಬೋಟಿಯಾ ಕುಬೊಟಾಯ್. ಅದನ್ನ ಪೋಲ್ಕಾ ಡಾಟ್ ಲೋಚ್, ಏಂಜೆಲಿಕಸ್, ಬರ್ಮೀಸ್ ಬಾರ್ಡರ್ ಲೋಚ್ ಅಂತ ನಾಲ್ಕಾರು ಹೆಸರಲ್ಲಿ ಮಾರ್ತಾರೆ. ಮಯನ್ಮಾರ್ ಥಾಯ್ಲೆಂಡ್ ಗಡಿ ಕಡೆಯ ಸಾಲ್ವೀನ್ ನದಿ ಜಲಾನಯನದ ಮೀನು, ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದೇ 2004ರಲ್ಲಿ, ಅಂದ್ರೆ ಅದಕ್ಕಿಂತ ಹಳೇ ಅಕ್ವೇರಿಯಂ ಪುಸ್ತಕ ಯಾವುದಾದ್ರೂ ಇಟ್ಕೊಂಡು ಹುಡುಕಿದ್ರೆ ಈ ಹೆಸರು ಸಿಗಲ್ಲ.

ಈ ಗೊಂದಲ ಆಗೋದು ಯಾಕಂದ್ರೆ ಬೋಟಿಯಾ ಮರಿಗಳಲ್ಲಿ ಹೆಚ್ಚಿನವು ಶುರುವಿನಲ್ಲಿ ಒಂದೇ ಥರ, ತಿಳಿ ಮೈ ಮೇಲೆ ಬೆನ್ನಿಂದ ಹೊಟ್ಟೆಗೆ ಇಳಿಯೋ ಕಪ್ಪು ಪಟ್ಟೆ. ಬೆಳೀತಾ ಬೆಳೀತಾ ಒಂದೊಂದರ ಪಟ್ಟೆ ಒಂದೊಂದು ದಾರಿ ಹಿಡಿಯತ್ತೆ, ಒಂದರದ್ದು ಕವಲೊಡೆಯತ್ತೆ, ಒಂದರದ್ದು ನಡುವೆ ತಿಳಿಯಾಗತ್ತೆ, ಇನ್ನೊಂದರದ್ದು ಅಡ್ಡಡ್ಡ ಕೂಡ್ಕೊಂಡು ಬಲೆ ಥರ ಆಗತ್ತೆ. ಅದಕ್ಕೇ ದೊಡ್ಡ ಮೀನಿನ ಫೋಟೋ ಇಟ್ಕೊಂಡು ಮರಿಗೆ ಹೋಲಿಸಿದ್ರೆ ಯಾವಾಗ್ಲೂ ತಪ್ಪಾಗತ್ತೆ, ಮರಿ ಫೋಟೋ ಜೊತೆಗೇ ಮರಿ ಹೋಲಿಸಿ ನೋಡ್ಬೇಕು. ನಾನೂ ಶುರುವಿನಲ್ಲಿ ಪಟ್ಟೆ ಎಣಿಸ್ತಾ ಕೂರ್ತಿದ್ದೆ, ಇದರಲ್ಲಿ ಐದು ಅದರಲ್ಲಿ ಏಳು ಅಂತ, ಅದರಿಂದ ಏನೂ ಉಪಯೋಗ ಆಗಲಿಲ್ಲ ಯಾಕಂದ್ರೆ ಒಂದೇ ಮೀನಿನ ಎಡಮಗ್ಗುಲಲ್ಲಿ ಇರೋ ಲೆಕ್ಕ ಬಲಮಗ್ಗುಲಲ್ಲಿ ಇರಲ್ಲ. ಪಟ್ಟೆ ಎಷ್ಟಿದೆ ಅನ್ನೋದು ಬಿಟ್ಟು ಪಟ್ಟೆ ಒಳಗೆ ಏನಾಗ್ತಿದೆ, ಎರಡು ಪಟ್ಟೆ ನಡುವೆ ಏನಾಗ್ತಿದೆ ಅಂತ ನೋಡೋಕೆ ಶುರು ಮಾಡಿದ ಮೇಲೇ ನನಗೆ ಇವು ಬಿಡಿಬಿಡಿಯಾಗಿ ಕಾಣೋಕೆ ಶುರುವಾಗಿದ್ದು.

ಯೋಯೋದಲ್ಲಿ, ಅಂದ್ರೆ ಬೋಟಿಯಾ ಅಲ್ಮೋರೆಯಲ್ಲಿ, ಮೈ ಬೆಳ್ಳಿ, ಕಪ್ಪು ಅನ್ನೋದು ಬರೆದ ಗೆರೆ ಥರ. ಪಟ್ಟೆ ಮೇಲ್ಗಡೆ ಕವಲಾಗಿ ಇಂಗ್ಲಿಷಿನ ವೈ ಅಕ್ಷರ ಆಗತ್ತೆ, ಎರಡರ ಮಧ್ಯೆ ಓ ಥರ ಸುತ್ತು ಬರತ್ತೆ, ವೈ ಓ ವೈ ಓ ಅಂತ ಓದೋ ಹಾಗಿರೋದ್ರಿಂದಲೇ ಆ ಹೆಸರು. ಆದ್ರೆ ಮೀನು ದೊಡ್ಡದಾದ ಹಾಗೆ ಗೆರೆಗಳು ಒಂದಕ್ಕೊಂದು ಸೇರಿ ಅಕ್ಷರ ಮಾಯ ಆಗಿ ಗಾಢವಾದ ಬಲೆ ಥರ ಉಳಿಯತ್ತೆ, ಹಾಗಾದಾಗ ಜಾತಿ ಬದಲಾಯ್ತಾ ಅಂತ ಗಾಬರಿ ಬೀಳ್ಬೇಡಿ. ಕುಬೊಟಾಯ್ ಇದಕ್ಕೆ ಸರಿಯಾಗಿ ಉಲ್ಟಾ, ನೋಡಿದ ತಕ್ಷಣ ಕಪ್ಪೇ ಮೈ ಅನ್ಸತ್ತೆ, ಅದರಲ್ಲಿ ಮೇಲೊಂದು ಸಾಲು ಕೆಳಗೊಂದು ಸಾಲು ತಿಳಿ ಬಣ್ಣದ ಬೊಟ್ಟು ಇಟ್ಟ ಹಾಗೆ, ಯಾಕಂದ್ರೆ ಪಟ್ಟೆಗಳ ಮಧ್ಯೆ ಮೈ ಉದ್ದಕ್ಕೂ ಒಂದು ಕಪ್ಪು ಗೆರೆ ಹೋಗಿ ತಿಳಿ ಜಾಗವನ್ನ ಮೇಲೆ ಕೆಳಗೆ ಅಂತ ಎರಡು ಭಾಗ ಮಾಡಿರತ್ತೆ. ವಯಸ್ಸಾದ ಹಾಗೆ ಬೊಟ್ಟು ಒಡೆದು ಇನ್ನೂ ಚಿಕ್ಕದಾಗಿ ಇನ್ನೂ ಜಾಸ್ತಿ ಆಗತ್ತೆ. ನಿಮ್ಮ ಎರಡು ಮೀನಲ್ಲಿ ಆ ಅಡ್ಡ ಗೆರೆ ಇದ್ಯಾ ಅಂತ ಒಮ್ಮೆ ನೋಡಿ, ಇದ್ರೆ ನನಗೆ ಅನುಮಾನ ಇಲ್ಲ.

ಆ ಗೆರೆ ಇಲ್ಲ, ಬರೀ ದಪ್ಪ ಪಟ್ಟೆ ಇದೆ, ನಡುವೆ ಚಿನ್ನದ ಬಣ್ಣ ಇದೆ ಅಂತಾದ್ರೆ ಆಗ ಬೇರೆ ಬೋಟಿಯಾಗಳ ಹೆಸರು ಯೋಚ್ನೆ ಮಾಡ್ಬೇಕಾಗತ್ತೆ. ಪಟ್ಟೆ ಕೆಲವೇ ಇದ್ದು ದೂರ ದೂರ ಇದ್ರೆ ಹಿಸ್ಟ್ರಿಯೋನಿಕಾ ಇರಬಹುದು, ಪಟ್ಟೆ ಹತ್ತಿರ ಹತ್ತಿರ ಇದ್ದು ಬೆನ್ನಿಂದ ಹೊಟ್ಟೆವರೆಗೂ ಎಲ್ಲೂ ತುಂಡಾಗದೆ ನೇರ ಇಳಿದಿದ್ರೆ ಡಾರಿಯೋ, ಅದನ್ನ ಕ್ವೀನ್ ಲೋಚ್ ಅಂತಲೂ ಬೆಂಗಾಲ್ ಲೋಚ್ ಅಂತಲೂ ಕರೀತಾರೆ, ಗಂಗಾ ಬ್ರಹ್ಮಪುತ್ರದ ಮೀನು, 1822ರಲ್ಲೇ ಹ್ಯಾಮಿಲ್ಟನ್ ದಾಖಲಿಸಿದ್ದು. ಪಟ್ಟೆ ಒಂದೊಂದೂ ಒಳಗೆ ಸೀಳಿ ಎರಡಾಗಿ ಏಣಿ ಮೆಟ್ಟಿಲ ಥರ ಕಂಡ್ರೆ ರೋಸ್ಟ್ರಾಟಾ, ಇದನ್ನಂತೂ ಯೋಯೋ ಮರಿ ಜೊತೆ ಬೆರೆಸಿ ಮಾರೋದು ತುಂಬಾ. ಲೋಹಚಾಟ ಅಂತ ಇನ್ನೊಂದು ಹೆಸರು ನಿಮ್ಮ ಕಣ್ಣಿಗೆ ಬೀಳತ್ತೆ, ಅದು ಅಲ್ಮೋರೆಯೇನಾ ಬೇರೇನಾ ಅನ್ನೋದು ತಜ್ಞರಲ್ಲೇ ವಾದ ಇರೋ ವಿಷ್ಯ, ಸಾಕೋ ರೀತಿ ಎರಡಕ್ಕೂ ಒಂದೇ, ಹಾಗಾಗಿ ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಗುರುತಿಸೋಕೆ ಮುಂಚೆ ಒಂದು ಮಾತು, ತಂದ ದಿನ ನೋಡಿ ತೀರ್ಮಾನ ಮಾಡ್ಬೇಡಿ. ಕವರ್‌ನಲ್ಲಿ ಬಂದ ಮೀನಿನ ಬಣ್ಣ ಸುಸ್ತಿಗೆ ಪೂರ್ತಿ ಹೋಗಿರತ್ತೆ, ಒಂದೆರಡು ವಾರ ಬಿಟ್ಟು ಊಟ ಮಾಡಿದ ಮೇಲೆ ಗಾಜಿನ ಹತ್ತಿರ ಬಂದಾಗ ಪಕ್ಕದಿಂದ ನೇರಕ್ಕೆ ಫೋಟೋ ತೆಗೀರಿ, ಎರಡೂ ಮಗ್ಗುಲು, ಆಮೇಲೆ ತಿಂಗಳಿಗೊಮ್ಮೆ ಅದೇ ಥರ ತೆಗೆದಿಡಿ. ನನ್ನ ಹತ್ರ ಇರೋ ಒಂದು ಮೀನನ್ನ ಎಂಟು ತಿಂಗಳು ಹಿಸ್ಟ್ರಿಯೋನಿಕಾ ಅಂತಲೇ ಅಂದ್ಕೊಂಡಿದ್ದೆ, ಫೋಟೋಗಳನ್ನ ಸಾಲಾಗಿ ಇಟ್ಟು ನೋಡಿದಾಗ ಪಟ್ಟೆಗಳ ಮಧ್ಯೆ ನಿಧಾನಕ್ಕೆ ಅಡ್ಡ ಗೆರೆ ಕೂಡಿದ್ದು ಕಾಣಿಸ್ತು, ಕುಬೊಟಾಯ್ ಅದು. ಅವತ್ತು ಆದ ಖುಷಿ ಇವತ್ತಿಗೂ ನೆನಪಿದೆ.

ಇನ್ನು ನಿಜವಾಗ್ಲೂ ತೊಂದ್ರೆ ಕೊಡೋ ಗೊಂದಲ ಬೇರೆ ಇದೆ, ಇವೆಲ್ಲ ಬೋಟಿಯಾಗಳ ಮಧ್ಯೆ ತಪ್ಪಾದ್ರೆ ಏನೂ ಮುಳುಗಲ್ಲ, ಯೋಯೋ ಕುಬೊಟಾಯ್ ಡಾರಿಯೋ ಎಲ್ಲ ಹೆಚ್ಚು ಕಮ್ಮಿ 10ರಿಂದ 15 ಸೆಂ.ಮೀ. ಆಗೋವು, ಸ್ವಭಾವನೂ ಹತ್ತಿರ ಹತ್ತಿರ. ಆದ್ರೆ ಜೀಬ್ರಾ ಲೋಚ್ ಅಂತ ತಂದಿದ್ದು ಟೈಗರ್ ಲೋಚ್ ಆಗಿಬಿಟ್ರೆ ಕಷ್ಟ. ಜೀಬ್ರಾ ಅಂದ್ರೆ ಬೋಟಿಯಾ ಸ್ಟ್ರೈಯಾಟಾ, 8-9 ಸೆಂ.ಮೀ. ಆಗೋ ಸಾಧು ಮೀನು, ಮೈತುಂಬ ಸಣ್ಣ ಸಣ್ಣ ಗೆರೆ, ನಮ್ಮ ಪಶ್ಚಿಮ ಘಟ್ಟದ್ದು, 1920ರಲ್ಲಿ ನಾರಾಯಣ ರಾವ್ ಅವರು ಶಿವಮೊಗ್ಗದ ತುಂಗಾ ನದಿಯ ಮೀನು ನೋಡಿ ವಿವರಿಸಿದ್ದು. ಈಗ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನಂಚಿನ ಜಾತಿ, ಆದ್ದರಿಂದ ನದಿಯಿಂದ ಹಿಡಿದು ತಂದಿದ್ದು ಅಂತ ಗೊತ್ತಾದ್ರೆ ದಯವಿಟ್ಟು ತಗೋಬೇಡಿ, ಈ ವಿಷ್ಯದಲ್ಲಿ ನನಗೆ ರಾಜಿ ಇಲ್ಲ. ಟೈಗರ್ ಅಂತ ಮಾರೋವು ಸಿಂಕ್ರಾಸಸ್ ಅನ್ನೋ ಬೇರೆ ಗುಂಪು, ಮೂತಿ ಉದ್ದ, ಮೈ ಉದ್ದ, ಬೇಗ ಬೆಳೀತಾವೆ, ಬೇರೆ ಮೀನುಗಳ ರೆಕ್ಕೆ ಕಚ್ಚಿ ಹರೀತಾವೆ. ಮರಿಯಲ್ಲಿ ಪಟ್ಟೆ ನೋಡಿ ಮೋಸ ಹೋಗಬಹುದು, ಮೂತಿ ನೋಡಿದ್ರೆ ಮೋಸ ಹೋಗಲ್ಲ, ಸ್ಟ್ರೈಯಾಟಾದ ಮುಖ ಮೊಂಡು.

ಅದೇ ರೀತಿ ಹಾವಿನ ಮರಿ ಥರ ಇರೋ ಕೂಲಿ ಲೋಚ್‌ಗಳಲ್ಲೂ ಇದೇ ಕಥೆ, ಕೂಲಿ ಅಂತ ಮಾರೋದು ಹೆಚ್ಚಾಗಿ ಪಾಂಜಿಯೋ ಸೆಮಿಸಿಂಕ್ಟಾ, ಪಟ್ಟೆ ಹೊಟ್ಟೆವರೆಗೂ ಇಳಿಯದೆ ಅರ್ಧಕ್ಕೇ ನಿಂತಿರತ್ತೆ, ಮೈಯರ್ಸಿ ಅನ್ನೋದರಲ್ಲಿ ಕಪ್ಪು ಪಟ್ಟೆ ಅಗಲ, ಮೈಯೂ ದಪ್ಪ, ನಡುವೆ ಕಿತ್ತಳೆ ಗೆರೆ ಸಣ್ಣಗೆ. ಅವೆಲ್ಲ ಒಟ್ಟಿಗೆ ಇದ್ರೂ ಜಗಳ ಇಲ್ಲ, ಹಾಗಾಗಿ ಅದನ್ನ ಇಲ್ಲಿಗೆ ಬಿಡ್ತೀನಿ.

ಈಗ ನಿಮ್ಮ ಟ್ಯಾಂಕ್ ವಿಷ್ಯ. 60 ಲೀಟರ್ ಸಾಲಲ್ಲ, ಈಗ ಮರಿ ಇರೋವರೆಗೆ ನಡೆಯತ್ತೆ ಅಷ್ಟೇ. ಈ ಐದೂ ಬೆಳೆದ ಮೇಲೆ ನಾಲ್ಕಡಿ ಉದ್ದದ ಟ್ಯಾಂಕ್, 200 ಲೀಟರ್ ಮೇಲೆ ಬೇಕು, ಎತ್ತರಕ್ಕಿಂತ ತಳದ ಅಗಲ ಉದ್ದ ಮುಖ್ಯ ಯಾಕಂದ್ರೆ ಇವು ಓಡಾಡೋದೇ ತಳದಲ್ಲಿ. ಮತ್ತೆ ಸಂಖ್ಯೆ, ಲೋಚ್ ಒಂಟಿಯಾಗಿ ಇರೋ ಮೀನಲ್ಲ, ಒಂದೇ ಜಾತಿಯದ್ದು ಕನಿಷ್ಠ ಐದಾರು ಇದ್ರೆ ಅವುಗಳೊಳಗೆ ಒಂದು ಮೇಲುಕೀಳು ಸೆಟ್ ಆಗತ್ತೆ, ಎರಡೇ ಇದ್ರೆ ಬಲವಾಗಿರೋದು ಬಡಪಾಯಿಯನ್ನ ಇಡೀ ದಿನ ಅಟ್ಟಿಸ್ತಾ ಇರತ್ತೆ. ನೀವು ಮಾಡಬಹುದಾದ್ದು ದೊಡ್ಡ ಟ್ಯಾಂಕ್ ಬಂದ ಮೇಲೆ ಯೋಯೋ ಇನ್ನೆರಡು ಮೂರು, ಕುಬೊಟಾಯ್ ಇನ್ನು ಮೂರು ನಾಲ್ಕು ಸೇರಿಸೋದು. ಎರಡು ಜಾತಿ ಒಟ್ಟಿಗೆ ಇರ್ತಾವೆ, ನನ್ನ ಹತ್ರ ಇದಾವೆ, ಸುಸ್ತಾದಾಗ ಒಂದೇ ಮರದ ಬೇರಿನ ಕೆಳಗೆ ಎಲ್ಲಾ ಒತ್ತೊತ್ತಾಗಿ ಮಲಗ್ತಾವೆ. ಅಷ್ಟು ದೊಡ್ಡ ಟ್ಯಾಂಕ್ ಆಗಲ್ಲ ಅಂದ್ರೆ ಎರಡು ಕುಬೊಟಾಯ್‌ಗಳನ್ನ ಅವುಗಳ ಗುಂಪು ಇರೋರಿಗೆ ಕೊಟ್ಟುಬಿಡಿ, 60 ಲೀಟರಿನಲ್ಲೇ ಕೊನೇವರೆಗೂ ಇಡ್ತೀನಿ ಅಂತ ಮಾತ್ರ ಹೊರಡ್ಬೇಡಿ.

ಮಗ್ಗುಲಾಗಿ ಬಿದ್ದಿರತ್ತೆ, ಸತ್ತೇ ಹೋಯ್ತು ಅಂದ್ಕೊಂಡೆ ಅಂತ ಬರೆದಿದೀರಿ, ಅದು ನಿದ್ದೆ, ಲೋಚ್‌ಗಳು ಹಾಗೇ ಮಲಗೋದು. ಬಣ್ಣ ಪೂರ್ತಿ ಬೂದಿ ಆಗಿ ಎರಡು ಮೀನು ಪಕ್ಕ ಪಕ್ಕ ಒತ್ತಿಕೊಂಡು ಸುತ್ತು ಹೊಡೀತಿದ್ರೆ ಅದು ಯಜಮಾನಿಕೆ ಜಗಳ, ಮುಗಿದ ಮೇಲೆ ಬಣ್ಣ ವಾಪಸ್ ಬರತ್ತೆ. ಟಕ್ ಟಕ್ ಅಂತ ಸದ್ದು ಕೇಳಿದ್ರೆ ಅದೂ ಅವುಗಳದ್ದೇ, ಊಟದ ಹೊತ್ತಿಗೆ ಜಾಸ್ತಿ. ಆದ್ರೆ ಬೂದಿ ಬಣ್ಣ ದಿನಗಟ್ಟಲೆ ಹಾಗೇ ಉಳಿದು ಮೀನು ಮೂಲೆ ಬಿಟ್ಟು ಬರ್ತಿಲ್ಲ ಅಂದ್ರೆ ಆಗ ನೀರು ಟೆಸ್ಟ್ ಮಾಡಿ, ಅಮೋನಿಯಾ ನೈಟ್ರೈಟ್ ಸೊನ್ನೆ ಇರಲೇಬೇಕು. ಹೊಸದಾಗಿ ಸೆಟ್ ಮಾಡಿದ ಟ್ಯಾಂಕ್‌ಗೆ ಲೋಚ್ ಹಾಕಲೇಬಾರದು, ಫಿಲ್ಟರ್ ಪಕ್ವ ಆಗಿರಬೇಕು, ಅಂದ್ರೆ ಕೊಳೆ ಕರಗಿಸೋ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದಿರಬೇಕು, ನೀರಿಗೆ ಹರಿವು ಇರಬೇಕು, 25-28 ಡಿಗ್ರಿ, ವಾರಕ್ಕೆ ಕಾಲುಭಾಗ ನೀರು ಬದಲಾವಣೆ. ತಳಕ್ಕೆ ನಯವಾದ ಮರಳು ಹಾಕಿ, ಚೂಪು ಜಲ್ಲಿ ತೆಗೆದುಬಿಡಿ, ಇವು ಮೀಸೆಯಿಂದಲೇ ಊಟ ಹುಡುಕೋದು, ಮೀಸೆ ಸವೆದು ಹೋದ್ರೆ ಪಾಪ ಅರ್ಧ ಕುರುಡಾದ ಹಾಗೆ. ಮೀನಿಗೊಂದರ ಹಾಗೆ ಅಡಗೋ ಜಾಗ ಇರಲಿ, ಮುಚ್ಚಳ ಇರಲಿ, ಹಾರ್ತಾವೆ. ಬಸವನಹುಳು ಇದ್ರೆ ತಿಂದು ಮುಗಿಸ್ತಾವೆ, ಆದ್ರೆ ಅದೇ ಊಟ ಅಂತ ಬಿಡ್ಬೇಡಿ, ಮುಳುಗೋ ಪೆಲೆಟ್, ಬ್ಲಡ್‌ವರ್ಮ್, ಬೇಯಿಸಿದ ಸೌತೆಕಾಯಿ ತುಂಡು ಎಲ್ಲ ಬೇಕು, ಲೈಟ್ ಆರಿಸಿದ ಮೇಲೆ ಹಾಕಿದ್ರೆ ಇನ್ನೂ ಒಳ್ಳೇದು.

ಎರಡು ವಿಷ್ಯ ಮಾತ್ರ ಒತ್ತಿ ಹೇಳ್ತೀನಿ ಯಾಕಂದ್ರೆ ಮೀನು ಕಳ್ಕೊಂಡೇ ಕಲ್ತಿದ್ದು. ಒಂದು, ಕಣ್ಣಿನ ಕೆಳಗೆ ಎರಡು ಮೊನೆಯ ಮುಳ್ಳಿದೆ, ಹೆದರಿದಾಗ ಹೊರಗೆ ಚಾಚಿ ಲಾಕ್ ಆಗತ್ತೆ, ನೆಟ್‌ನಲ್ಲಿ ಹಿಡಿದ್ರೆ ಸಿಕ್ಕಿಹಾಕ್ಕೊಳತ್ತೆ, ಎಳೆದ್ರೆ ಮುಖವೇ ಹರಿಯತ್ತೆ. ಡಬ್ಬಿಯಲ್ಲಿ ಹಿಡೀರಿ, ಸಿಕ್ಕಿಹಾಕ್ಕೊಂಡ್ರೆ ನೆಟ್ ಕತ್ತರಿಸಿ, ಮೀನು ಎಳೀಬೇಡಿ. ಎರಡನೇದು ಔಷಧಿ. ಲೋಚ್‌ಗಳ ಹುರುಪೆ ತುಂಬಾ ಸಣ್ಣದು, ವೈಟ್ ಸ್ಪಾಟ್, ಅಂದ್ರೆ ಮೈಮೇಲೆ ಬಿಳಿ ಚುಕ್ಕೆ ಬರೋ ರೋಗ, ಇವಕ್ಕೇ ಮೊದ್ಲು ಬರತ್ತೆ, ಅದೇ ಹೊತ್ತಿಗೆ ತಾಮ್ರ ಇಲ್ಲಾ ಮಲಕೈಟ್ ಗ್ರೀನ್ ಇರೋ ಔಷಧಿ ಫುಲ್ ಡೋಸ್ ತಡೆಯಲ್ಲ. ನಾನು ಬಾಟಲಿ ಮೇಲೆ ಇದ್ದಷ್ಟು ಹಾಕಿ ಒಂದೇ ರಾತ್ರಿಯಲ್ಲಿ ಮೂರು ಯೋಯೋ ಕಳ್ಕೊಂಡೆ, ಉಳಿದ ಮೀನುಗಳಿಗೆ ಏನೂ ಆಗಿರಲಿಲ್ಲ. ಈಗ ನಿಧಾನಕ್ಕೆ 30 ಡಿಗ್ರಿಗೆ ಏರಿಸಿ, ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ ಅಂತ ಗಾಳಿ ಗುಳ್ಳೆ ಬಿಡೋ ಏರ್‌ಸ್ಟೋನ್ ಜೋರು ಮಾಡಿ, ಬೇಕಾದ್ರೆ ಮಾತ್ರ ಅರ್ಧ ಡೋಸ್ ಹಾಕ್ತೀನಿ.

ಹಾಂ ಇನ್ನೊಂದು, ಚೆನ್ನಾಗಿ ತಿಂತಿದ್ರೂ ಬೆನ್ನು ಚಾಕು ಅಂಚಿನ ಥರ ಆಗ್ತಿದ್ರೆ ಅದು ಹೊಟ್ಟೆ ಹುಳ, ನದಿಯಿಂದ ಹಿಡಿದ ಮೀನಲ್ಲಿ ಸಾಮಾನ್ಯ, ಲೆವಮಿಸೋಲ್ ಅನ್ನೋ ಹುಳದ ಔಷಧಿ ಕೆಲಸ ಮಾಡತ್ತೆ. ಹೊಸ ಮೀನು ಸೇರಿಸೋಕೆ ಮುಂಚೆ ಮೂರು ನಾಲ್ಕು ವಾರ ಬೇರೆ ಟ್ಯಾಂಕ್‌ನಲ್ಲಿಟ್ಟು ನೋಡಿ.

ಆ ಎರಡು ಮೀನಿನ ಎರಡೂ ಮಗ್ಗುಲಿನ ಫೋಟೋ ಹಾಕಿದ್ರೆ ನೋಡಿ ಹೇಳ್ತೀನಿ, ಅಡ್ಡ ಗೆರೆ ಕಾಣೋ ಹಾಗೆ ತೆಗೀರಿ.